ಕೊಳೆಯದ ಬಾಳೆಹಣ್ಣು

ಚಿಂತೆ ಮಾಡುವುದನ್ನು ಒಂದು ವಿದ್ಯೆಯೆಂದು ಒಪ್ಪುವುದಾದರೆ ರಿಪೇರಿ ಮಾಮ ಅದರಲ್ಲಿ ಮಹಾಪಂಡಿತ. ಮಳೆ ಬಂದರೆ ಸೂರು ಸೋರೀತೆಂಬ ಚಿಂತೆ. ಬಾರದಿದ್ದರೆ, ಸೋರುತ್ತದೆಯೋ ಇಲ್ಲವೋ ತಿಳಿಯುವುದು ಹೇಗೆಂಬ ಚಿಂತೆ. ಇಂಥವನಿಗೆ, ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ತಪಾಸಣೆಯ ಮೇಡಂ ಬರುತ್ತಾರೆಂದು ಹದಿನೈದು ದಿನ ಮೊದಲೇ ಹೇಳಿದ್ದು ಅವನ ಹೆಂಡತಿ ಮಾಡಿದ ಮೊದಲ ತಪ್ಪು. (ಎರಡನೆಯ ತಪ್ಪು, ಗುರುವಾರ ಮಧ್ಯಾಹ್ನ ಅವನೊಬ್ಬನನ್ನೇ ಮನೆಯಲ್ಲಿ ಬಿಟ್ಟು ಹೋದದ್ದು. ಅದಕ್ಕೆ ಆಮೇಲೆ ಬರೋಣ.)

ಮನೆಯ ಹಿಂಭಾಗದ ಕೋಣೆಯಲ್ಲಿ ಮಾಮನ ರಿಪೇರಿ ಅಂಗಡಿ. ತಿರುಗದ ಫ್ಯಾನು, ಕಾಯದ ಇಸ್ತ್ರಿಪೆಟ್ಟಿಗೆ, ಕೂಗುವುದೊಂದನ್ನು ಬಿಟ್ಟು ಬೇರೇನೂ ಮಾಡದ ಮಿಕ್ಸಿ, ಎಲ್ಲವೂ ಅಲ್ಲಿಗೆ ಬಂದು ಮೊದಲಿನಂತಾಗಿ ಹೊರಡುತ್ತವೆ. ಮುಂದಿನ ಹಾಲಿನಲ್ಲಿ ಹೆಂಡತಿಯ ಶಿಶುವಿಹಾರ. ಮೂರು ನಾಲ್ಕು ವರ್ಷದ ಹನ್ನೆರಡು ಮಕ್ಕಳು, ಹನ್ನೆರಡು ಪುಟ್ಟ ಕುರ್ಚಿ, ಬಾಗಿಲಲ್ಲಿ ಇಪ್ಪತ್ತಮೂರು ಪುಟ್ಟ ಚಪ್ಪಲಿ (ಒಂದು ಯಾವಾಗಲೂ ಸಿಗುವುದಿಲ್ಲ). ಮಕ್ಕಳಿಗೆ ಆಕೆ ಮಿಸ್ಸು, ಇವನು ರಿಪೇರಿ ಮಾಮ. ಹನ್ನೊಂದು ವರ್ಷದಿಂದ ನಡೆದುಬಂದ ಈ ಸಂಸ್ಥಾನದ ಪರವಾನಗಿ ತಿಂಗಳ ಕೊನೆಗೆ ಮುಗಿಯುವುದಿತ್ತು. ಮೇಡಂ ಬಂದು ಒಂದು ಪಾಠ ನೋಡಿ ಸರಿಯೆಂದು ಬರೆದರೆ ಉಳಿಯಿತು, ಇಲ್ಲವಾದರೆ ಬೀಗ. ಹಿಂದಿನ ಬೀದಿಯ ಶಿಶುವಿಹಾರಕ್ಕೆ ಹಾಗೇ ಬೀಗ ಬಿದ್ದಿತ್ತು. ಒಂದು ಜಿರಳೆ, ಪಾಪ, ತನ್ನ ಪಾಡಿಗೆ ಎಲ್ಲಿಗೋ ಹೊರಟದ್ದು, ಮೇಡಂ ಅವರ ಕಾಲ ಬಳಿ ಹಾದುಹೋಯಿತಂತೆ.

“ನಮ್ಮನೇಲಿ ಜಿರಳೆ ಇಲ್ಲ ಅಲ್ವೇನೇ?” ಎಂದು ಮಾಮ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ.

“ಇಲ್ಲ ಕಣ್ರೀ. ಇದ್ದಿದ್ರೂ ನಿಮ್ಮ ಕಾಟಕ್ಕೆ ಇಷ್ಟೊತ್ತಿಗೆ ಓಡಿಹೋಗಿರ್ತಿತ್ತು.”

ಹೀಗೆ ಅವನ ಭಯಕ್ಕೆ ನಗುತ್ತಿದ್ದವಳು ಬುಧವಾರ ಸಂಜೆ ಮಕ್ಕಳ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಇದ್ದಕ್ಕಿದ್ದಂತೆ ನಿಂತುಬಿಟ್ಟಳು. “ಇದೊಂದು ಹೋದ್ರೆ ನಾನು ಬೆಳಿಗ್ಗೆ ಎದ್ದು ಏನ್ರೀ ಮಾಡ್ಲಿ?” ಎಂದಳು. ಊರವರ ಮಿಕ್ಸಿಯನ್ನೆಲ್ಲ ಸರಿಮಾಡುವವನಿಗೆ ಹೆಂಡತಿಯ ಈ ಒಂದು ಸಂಕಟಕ್ಕೆ ಯಾವ ಸ್ಕ್ರೂ ಬಿಗಿಯಬೇಕೆಂದು ಗೊತ್ತಾಗಲಿಲ್ಲ. ಏನಾದರೂ ಮಾಡಲೇಬೇಕೆಂದು ಅವನು ಅವತ್ತು ನಿಶ್ಚಯಿಸಿದ. ಅನಾಹುತಗಳೆಲ್ಲ ಹುಟ್ಟುವುದು ಇಂಥ ನಿಶ್ಚಯಗಳಿಂದಲೇ.

ಮೇಡಂ ಎದುರಿಗೆ ಯಾವ ಪಾಠ ಮಾಡುತ್ತೇನೆಂದು ಆಕೆ ಅವನಿಗೆ ಹಿಂದಿನ ಭಾನುವಾರವೇ ವಿವರಿಸಿದ್ದಳು. ಪಾಠದ ಹೆಸರು ‘ಬದಲಾಗುತ್ತದೆ’. ದೊಡ್ಡ ಮಾತಿಲ್ಲ, ಪುಸ್ತಕವಿಲ್ಲ; ಮನೆಯಲ್ಲಿರುವುದನ್ನೇ ಇಟ್ಟು ಮಕ್ಕಳು ದಿನವೂ ನೋಡುವುದು, ಮುಟ್ಟುವುದು, ಚಿತ್ರ ಬರೆಯುವುದು. ಒಂದು ದಿನ ತಟ್ಟೆಯಲ್ಲಿ ಐಸ್ ಇಟ್ಟು ಅದು ಕರಗುವುದನ್ನು ನೋಡಬೇಕು. ಅದಲ್ಲದೆ ಒಂದು ದೊಡ್ಡ ಟ್ರೇ: ಅದರಲ್ಲಿ ಕಪ್ಪಾಗಲು ಒಂದು ಬಾಳೆಹಣ್ಣು, ತುಕ್ಕು ಹಿಡಿಯಲು ಉಪ್ಪುನೀರಿನಲ್ಲಿ ಒಂದು ಮೊಳೆ, ಬೂಷ್ಟು ಹಿಡಿಯಲು ಬಾಟಲಿಯಲ್ಲಿ ಒಂದು ಚೂರು ಬ್ರೆಡ್ಡು, ಮೊಳಕೆಯೊಡೆಯಲು ಒದ್ದೆ ಹತ್ತಿಯಲ್ಲಿ ಒಂದು ಕಾಳು. ಟ್ರೇಗೆ ಬಟ್ಟೆ ಮುಚ್ಚಿರುತ್ತದೆ. ಅದನ್ನು ತೆಗೆಯುವುದು ದಿನವೂ ಬೆಳಿಗ್ಗೆ, ಮಕ್ಕಳೆದುರಿಗೇ. ಶುಕ್ರವಾರ ಬಟ್ಟೆ ತೆಗೆದಾಗ ಐದು ದಿನದ ಬದಲಾವಣೆ ಮೇಡಂ ಕಣ್ಣಿಗೂ ಕಾಣಬೇಕು.

ಇಷ್ಟನ್ನೂ ಮಾಮ ಕೇಳಿಸಿಕೊಂಡ. ಕೇಳುವಾಗ ಒಂದು ಮೋಟಾರಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದ, ಅಷ್ಟೆ. ಪ್ರತಿ ವಾಕ್ಯಕ್ಕೂ ಸರಿಯಾಗಿ “ಹೂಂ” ಎಂದಿದ್ದ. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅವನ ‘ಹೂಂ’ ಎಷ್ಟು ಪಕ್ವವಾಗಿತ್ತೆಂದರೆ, ಅದರೊಳಗೆ ಮನುಷ್ಯನೇ ಇಲ್ಲವೆಂಬುದು ಆಕೆಗೂ ಗೊತ್ತಾಗುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಆಕೆ ಚೀಲ ಹೆಗಲಿಗೆ ಹಾಕಿಕೊಂಡಳು. “ಆಫೀಸಿಂದ ಒಂದು ಕಾಗದ ತರ್ಬೇಕು, ಬರೋದು ಸಂಜೆಯಾಗತ್ತೆ. ಹಾಲ್ ಗುಡಿಸಿ ಒರೆಸಿಡಿ. ನಾಳೆ ಅವ್ರ ಕಣ್ಣಿಗೆ ಒಂದು ಕುಂದೂ ಕಾಣ್ಬಾರ್ದು.”

“ಹೂಂ.”

“ಹೂಂ ಅಂದ್ರೆ ಏನು ಅಂದೆ ಹೇಳಿ?”

“ಒಂದು ಕುಂದೂ ಕಾಣ್ಬಾರ್ದು.”

ಈ ಸಲ ನಿಜವಾಗಿಯೂ ಕೇಳಿಸಿಕೊಂಡಿದ್ದ. ನೆಲ ಗುಡಿಸಿದ, ಎರಡು ಸಲ ಒರೆಸಿದ, ಅಲುಗಾಡುವ ಎರಡು ಕುರ್ಚಿಗೆ ಸ್ಕ್ರೂ ಬಿಗಿದ, ಕಿರ್ರೆನ್ನುವ ಬಾಗಿಲಿಗೆ ಎಣ್ಣೆ ಬಿಟ್ಟ. ಕೊನೆಗೆ ಕಿಟಕಿಯ ಬಳಿ ಬಂದು ಟ್ರೇಯ ಬಟ್ಟೆ ಎತ್ತಿದವನು ಎದೆ ಹಿಡಿದುಕೊಂಡ.

ಬಾಳೆಹಣ್ಣು ಕರ್ರಗೆ ಕುಸಿದು ನೊಣಗಳಿಗೆ ಆಶ್ರಯ ಕೊಟ್ಟಿತ್ತು. ಬ್ರೆಡ್ಡಿಗೆ ಹಸಿರು ಗಡ್ಡ ಬಂದಿತ್ತು. ಮೊಳೆ ಕೆಂಪು ಕಾರುತ್ತಿತ್ತು. ಹತ್ತಿ ಹಳದಿಗಟ್ಟಿತ್ತು. ಜಿರಳೆಯೊಂದಕ್ಕೇ ಬೀಗ ಹಾಕಿಸಿದ ಮಹಾತಾಯಿ ಇದನ್ನು ಕಂಡರೆ! ಮೊಳೆ, ಬಾಳೆಹಣ್ಣು ಇವೆಲ್ಲ ಪಾಠದ ಸಾಮಾನೆಂಬುದು ಅವನಿಗೆ ಗೊತ್ತಿತ್ತು. ಅಕ್ಷರ ಕಲಿಸಲು ಇಟ್ಟಿರಬೇಕು: ಬಾ ಎಂದರೆ ಬಾಳೆಹಣ್ಣು, ಮೊ ಎಂದರೆ ಮೊಳೆ. ಕೊಳೆತದ್ದನ್ನು ತೋರಿಸಿ ಬಾ ಎಂದರೆ ಯಾವ ಮಗು ಬಂದೀತು? ಓಡಾಟದ ಗಡಿಬಿಡಿಯಲ್ಲಿ ಪಾಪ ಆಕೆ ಗಮನಿಸಿಲ್ಲ. ಗೋಡೆಯ ಮೇಲೆ ಮಕ್ಕಳು ನಾಲ್ಕು ದಿನ ಬರೆದ ಚಿತ್ರಗಳು ಸಾಲಾಗಿ ನೇತಾಡುತ್ತಿದ್ದವು. ಅವನ ಕಣ್ಣಿಗೆ ಅವೆಲ್ಲ ಸುಟ್ಟ ವೈರಿನ ಸಿಕ್ಕಿನಂತೆ ಕಂಡವು.

ಮುಂದಿನ ಎರಡು ಗಂಟೆ ಅವನು ಶಸ್ತ್ರವೈದ್ಯನ ಹಾಗೆ ಕೆಲಸ ಮಾಡಿದ. ಮೊಳೆಯನ್ನು ಉಪ್ಪುಕಾಗದದಿಂದ ಉಜ್ಜಿ, ಮಿಷನ್ ಎಣ್ಣೆ ಸವರಿ, ಬೆಳ್ಳಿಯಂತೆ ಮಾಡಿದ. ಮೂಲೆಯಂಗಡಿಯಿಂದ ಅಷ್ಟೇ ಉದ್ದದ, ಅಷ್ಟೇ ಡೊಂಕಿನ ಬಾಳೆಹಣ್ಣು ಆರಿಸಿ ತಂದ. (ಅಂಗಡಿಯವ ಬೇಸತ್ತು, “ಹೆಣ್ಣು ನೋಡೋಕ್ಕೂ ಇಷ್ಟು ಹೊತ್ತು ತಗೊಳ್ಳಲ್ಲ ಮಾರಾಯ್ರೆ” ಎಂದ.) ಹೊಸ ಬ್ರೆಡ್ಡು ಬಂತು. ಹತ್ತಿ ಎತ್ತಿ ಎಸೆದಾಗ ಕಾಳೂ ಅದರ ಜೊತೆಗೆ ಹೋಯಿತು. ಡಬ್ಬಿಯಿಂದ ಇನ್ನೊಂದು ಕಾಳು ಪ್ರತಿಷ್ಠಾಪನೆಯಾಯಿತು. ಮತ್ತೆ ಬಟ್ಟೆ ಮುಚ್ಚಿದಾಗ ಅವನಿಗೆ ಹದಿನೈದು ದಿನದಲ್ಲಿ ಮೊದಲ ಬಾರಿ ಹಸಿವಾಯಿತು.

ಸಂಜೆ ಬಂದ ಹೆಂಡತಿ ಹೊಳೆಯುವ ನೆಲ ನೋಡಿ ಕಣ್ಣರಳಿಸಿದಳು. ಟ್ರೇಯ ಬಟ್ಟೆ ಮಕ್ಕಳಿಲ್ಲದೆ ತೆಗೆಯುವಂತಿಲ್ಲ, ಅವಳದೇ ನಿಯಮ. “ಇಷ್ಟು ವರ್ಷಕ್ಕೆ ಹೇಳಿದ್ ಕೆಲ್ಸ ಹೇಳಿದ್ ಹಾಗೆ ಮಾಡಿದೀರಿ ನೋಡಿ” ಎಂದಳು. ಮಾಮ ಹಿಗ್ಗಿ ಹೀರೇಕಾಯಿಯಾದ.

ಶುಕ್ರವಾರ ಮೇಡಂ ಸರಿಯಾದ ಹೊತ್ತಿಗೆ ಬಂದರು. ದೊಡ್ಡ ಕುರ್ಚಿ ಕೊಟ್ಟರೆ ಬೇಡವೆಂದು ಪುಟ್ಟ ಕುರ್ಚಿಯಲ್ಲೇ ಮಂಡಿ ಎದೆಗೆ ತಾಗುವಂತೆ ಕುಳಿತು ಪೆನ್ನಿನ ಕ್ಯಾಪು ತೆಗೆದರು. ಮಾಮ ಅಡುಗೆಮನೆಯ ಪರದೆಯ ಹಿಂದೆ ನಿಂತು ಉಸಿರು ಬಿಗಿಹಿಡಿದಿದ್ದ.

“ನಿನ್ನೆ ನಮ್ಮ ಬಾಳೆಹಣ್ಣು ಹೇಗಿತ್ತು ಮಕ್ಕಳೇ?”

“ಕಪ್ಪಗೆ!” ಎಂದರು ಹನ್ನೆರಡೂ ಮಂದಿ.

“ಇವತ್ತು ಏನಾಗಿರಬಹುದು?”

“ಇನ್ನೂ ಕಪ್ಪಗೆ!”

ಪರದೆಯ ಹಿಂದೆ ಮಾಮನಿಗೆ ಮೊದಲ ಬೆವರು ಹನಿಯಿತು. ಕಪ್ಪಗಿರಬೇಕಿತ್ತೆ? ಬೇಕೆಂದೇ? ಆಕೆ ಬಟ್ಟೆ ತೆಗೆದಳು.

ಗುಂಗುರು ಕೂದಲಿನ ಹುಡುಗಿಯೊಬ್ಬಳಿದ್ದಳು, ಎಲ್ಲರೂ ಅವಳನ್ನು ಗುಂಗುರು ಎಂದೇ ಕರೆಯುವುದು. ಅವಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು. “ಮಿಸ್! ಬಾಳೆಹಣ್ಣು ವಾಸಿಯಾಯ್ತು!”

“ಯಾಕೆ?” ಎಂದ ಪಕ್ಕದವನು. ಹುಟ್ಟಿದಂದಿನಿಂದ ಅದೊಂದೇ ಪ್ರಶ್ನೆ ಕೇಳುತ್ತ ಬಂದದ್ದರಿಂದ ಅವನ ಹೆಸರು ಯಾಕಪ್ಪ.

“ಬಟ್ಟೆ ಮುಚ್ಚಿಟ್ರಲ್ಲ, ಅದಕ್ಕೆ. ಮಿಸ್, ನಮ್ಮಜ್ಜಿಗೆ ಬಟ್ಟೆ ಮುಚ್ಚಿಟ್ರೆ ಹಲ್ಲು ಬರತ್ತಾ?”

ಮೇಡಂ ಗೋಡೆಯ ಚಿತ್ರಗಳನ್ನು ನೋಡಿದರು, ಟ್ರೇ ನೋಡಿದರು, ಏನೋ ಬರೆದರು. “ನಾಲ್ಕು ದಿನ ಕಪ್ಪಾಗ್ತಾ ಹೋಗಿದ್ದು ಐದನೇ ದಿನ ಹೊಸದಾಗಿದೆ. ನೀವೇನಾದ್ರೂ ಬದಲಾಯಿಸಿದ್ರಾ?”

“ಇಲ್ಲ ಮೇಡಂ.” ಹೆಂಡತಿಯ ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಹನ್ನೊಂದು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೆ? ಮಕ್ಕಳ ಕಡೆ ತಿರುಗಿದಳು. “ಬಾಳೆಹಣ್ಣು ತಾನಾಗೇ ಹೊಸದಾಗತ್ತಾ? ಹತ್ರ ಬಂದು ನೋಡಿ. ಮುಟ್ಟಿ ನೋಡಿ. ಮೂಸಿ ನೋಡಿ.”

ಹನ್ನೆರಡು ಮೂಗುಗಳು ಟ್ರೇಯ ಮೇಲೆ ಬಾಗಿದವು. ಯಾಕಪ್ಪ ಮೊಳೆಯನ್ನು ಮೂಸಿ, ಇನ್ನೊಮ್ಮೆ ಮೂಸಿ, “ಮಾಮನ ವಾಸನೆ” ಎಂದ.

“ಹೌದು ಮಿಸ್, ಮಾಮನ ವಾಸನೆ!” ಎಂದು ಉಳಿದವರೂ ಸಾಕ್ಷಿ ನುಡಿದರು. ಎಲ್ಲರೂ ಪರದೆಯತ್ತ ತಿರುಗಿದರು. ಪರದೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು.

“ಹೊರಗೆ ಬನ್ನಿ” ಎಂದರು ಮೇಡಂ.

ಮಾಮ ಬಂದ. “ಕುಂದು ಕಾಣ್ಬಾರ್ದು ಅಂತ... ರಿಪೇರಿ ಮಾಡ್ದೆ.”

“ಬಾಳೆಹಣ್ಣನ್ನ?”

“ಅದು ಆಗ್ಲಿಲ್ಲ ಮೇಡಂ. ಅದನ್ನ ಬದಲಾಯಿಸಿದೆ.”

“ಹಾಳಾಗ್ಲಿ ಅಂತ್ಲೇ ಇಟ್ಟಿದ್ದು ಕಣ್ರೀ!” ಎಂದಳು ಹೆಂಡತಿ. “ಭಾನುವಾರ ಅಷ್ಟೊತ್ತು ಹೇಳಿದ್ನಲ್ಲ. ಹೂಂ ಹೂಂ ಅಂದ್ರಲ್ಲ!”

ಮಾಮನಿಗೆ ಅಳು ಬಂದುಬಿಟ್ಟಿತು. ನಾಚಿಕೆ ಬಿಟ್ಟು ಕೈ ಮುಗಿದ. “ಮೇಡಂ, ತಪ್ಪೆಲ್ಲ ನಂದು. ಅವ್ಳು ಈ ಮಕ್ಕಳಿಗೋಸ್ಕರ ಬದುಕಿರೋಳು. ಬೀಗ ಹಾಕ್ಲೇಬೇಕಂದ್ರೆ ನನ್ನ ಅಂಗಡಿಗೆ ಹಾಕಿ. ಇಲ್ಲಿ ಬೇಡ.”

ಮೇಡಂ ಅವನ ಹಣೆಯನ್ನೇ ನೋಡುತ್ತಿದ್ದರು. ಮಕ್ಕಳೂ ಅಲ್ಲೇ ನೋಡುತ್ತಿದ್ದರು. ಒಂದು ಕಪ್ಪು ಹನಿ ಕಿವಿಯ ಪಕ್ಕದಿಂದ ಹೊರಟು, ಕೆನ್ನೆ ದಾಟಿ, ಬಿಳಿ ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ಅದರ ಹಿಂದೆ ಇನ್ನೊಂದು.

ಆ ದಿನ ಬೆಳಿಗ್ಗೆ ಮಾಮ ಇನ್ನೂ ಒಂದು ರಿಪೇರಿ ಮಾಡಿದ್ದ, ಯಾರಿಗೂ ಹೇಳಿರಲಿಲ್ಲ. ಒಂದು ಕುಂದೂ ಕಾಣಬಾರದೆಂದರೆ ಮನೆಯ ಯಜಮಾನನ ತಲೆಯೂ ಅದಕ್ಕೆ ಸೇರಿತಲ್ಲವೆ? ಬಚ್ಚಲಿನ ಬಾಗಿಲು ಹಾಕಿಕೊಂಡು ಕೂದಲಿಗೆ ಕಪ್ಪು ಬಣ್ಣ ಬಳಿದಿದ್ದ. ಅರ್ಧ ಗಂಟೆ ಬಿಡಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತು. ಗೇಟಿನ ಸದ್ದಾಗಿ ಹತ್ತೇ ನಿಮಿಷಕ್ಕೆ ತೊಳೆದುಕೊಂಡು ಓಡಿಬಂದಿದ್ದ.

“ಮಿಸ್!” ಗುಂಗುರು ಕಿರುಚಿದಳು. “ಮಾಮ ಕರಗ್ತಿದ್ದಾರೆ!”

“ಐಸ್ ಥರ!” “ತಟ್ಟೆ ಇಡಿ ಮಿಸ್!” “ಒಳಗಡೆ ಬಿಳಿ ಇದೆ!” ಪಾಠ ಐದು ದಿನದಲ್ಲಿ ಅಷ್ಟು ಚೆನ್ನಾಗಿ ತಲೆಗೆ ಹತ್ತಿತ್ತು. ಯಾಕಪ್ಪನಂತೂ ತಾನೇ ಹೋಗಿ ತಟ್ಟೆ ತಂದು ಮಾಮನ ಗದ್ದದ ಕೆಳಗೆ ಹಿಡಿದ.

ಹೆಂಡತಿ ಗಂಡನನ್ನು ಒಂದು ಕ್ಷಣ ನೋಡಿದಳು. ಆ ನೋಟದಲ್ಲಿ ಇಪ್ಪತ್ತೆರಡು ವರ್ಷವೂ ಇತ್ತು. ಆಮೇಲೆ ತೋಳು ಹಿಡಿದು ಅವನನ್ನು ಹಾಲಿನ ನಡುವೆ ಒಂದು ಪುಟ್ಟ ಕುರ್ಚಿಯಲ್ಲಿ ಕೂರಿಸಿದಳು. “ಸರಿ ಮಕ್ಕಳೇ, ಮಾಮನ್ನ ನೋಡಿ. ನಿನ್ನೆ ಹೇಗಿದ್ರು? ಈಗ ಏನಾಗ್ತಿದೆ? ಒದ್ದೆ ಬಟ್ಟೆಯಿಂದ ಒರೆಸಿದ್ರೆ ಏನಾಗಬಹುದು? ಮೊದಲು ಹೇಳಿ, ಆಮೇಲೆ ಒರೆಸೋಣ.”

ಹೇಳಿದರು. ಒರೆಸಿದರು. ಸರದಿಯ ಪ್ರಕಾರ, ಹನ್ನೆರಡು ಜನರೂ. ಹೋಲಿಸಿದರು, ಚಿತ್ರ ಬರೆದರು. ಇಪ್ಪತ್ತು ನಿಮಿಷ ಒಂದು ಮಗುವೂ ಎದ್ದು ಓಡಲಿಲ್ಲ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ಹಾಕಿಕೊಂಡು, ಬರೆದದ್ದನ್ನು ಗಂಭೀರವಾಗಿ ಓದಿದರು:

“ಪಾಠ ಅತ್ಯಂತ ತೃಪ್ತಿಕರ. ಶಿಕ್ಷಕಿ ಸಮಯಸ್ಫೂರ್ತಿಯುಳ್ಳವರು. ಪರವಾನಗಿಯನ್ನು ಮೂರು ತಿಂಗಳಿಗೆ ಮುಂದುವರಿಸಲಾಗಿದೆ. ಅಲ್ಲಿಯವರೆಗೆ ಪಾಠದ ವಸ್ತುವಿಗೆ ಯಾವುದೇ ದುರಸ್ತಿ ಮಾಡದೆ, ಅದರ ಬದಲಾವಣೆಯನ್ನು ಮಕ್ಕಳು ವಾರಕ್ಕೊಮ್ಮೆ ಚಿತ್ರಿಸತಕ್ಕದ್ದು. ಚಿತ್ರಗಳನ್ನು ಹಾಜರುಪಡಿಸಿದಲ್ಲಿ ಪೂರ್ಣ ಪರವಾನಗಿ.”

ಮಾಮನಿಗೆ ಹೋದ ಜೀವ ಬಂದಂತಾಯಿತು. “ದೇವ್ರಾಣೆ ಮೇಡಂ, ಬಾಳೆಹಣ್ಣಿನ ತಂಟೆಗೆ ಹೋಗಲ್ಲ.”

“ಬಾಳೆಹಣ್ಣಿಗೆ ಮೂರು ತಿಂಗಳು ಯಾಕ್ರೀ? ವಸ್ತು ಅಂದ್ರೆ ನೀವು” ಎಂದರು ಮೇಡಂ, ಪೆನ್ನಿನ ಕ್ಯಾಪು ಹಾಕುತ್ತ.

ಅಂದಿನಿಂದ ಪ್ರತಿ ಶುಕ್ರವಾರ ಹತ್ತು ಗಂಟೆಗೆ ರಿಪೇರಿ ಮಾಮ ಕಿಟಕಿಯ ಬೆಳಕಿನಲ್ಲಿ, ಪುಟ್ಟ ಕುರ್ಚಿಯಲ್ಲಿ, ತಲೆ ಬಗ್ಗಿಸಿ ಕೂರುತ್ತಾನೆ. ಹನ್ನೆರಡು ಮಕ್ಕಳು ಸುತ್ತ ನಿಂತು ಒರೆಸಿಯೂ ಉಳಿದ ಕಪ್ಪಿನ ಬುಡದಿಂದ ಬಿಳಿ ಎಷ್ಟು ಮೇಲೆ ಬಂತೆಂದು ದಾರ ಹಿಡಿದು ಅಳೆಯುತ್ತಾರೆ. ಇಸ್ತ್ರಿಪೆಟ್ಟಿಗೆ ಕೊಡಲು ಬಂದ ಗಿರಾಕಿಗಳೂ ಒಂದು ಗಳಿಗೆ ನಿಂತು ಗೋಡೆಯ ಚಿತ್ರಗಳನ್ನು ನೋಡಿ, ಪ್ರಗತಿ ಚೆನ್ನಾಗಿದೆಯೆಂದು ಹೇಳಿ ಹೋಗುತ್ತಾರೆ. ಅವನು ಸಹಿಸಿಕೊಳ್ಳುತ್ತಾನೆ. ಹೆಂಡತಿ ಬೆಳಿಗ್ಗೆ ಹಾಡು ಗುನುಗುತ್ತ ಕುರ್ಚಿ ಜೋಡಿಸುವುದು ಕೇಳಿಸಿದಾಗ, ತಲೆ ಹೋದರೂ ಚಿಂತೆಯಿಲ್ಲ ಎನಿಸುತ್ತದೆ.

ಆರನೆಯ ಶುಕ್ರವಾರ ಗುಂಗುರು ಅಳತೆ ಮುಗಿಸಿ, ದಾರ ಕೆಳಗಿಟ್ಟು, ಅವನ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಆಮೇಲೆ ಬಹಳ ಕಾಳಜಿಯಿಂದ ಕೇಳಿದಳು:

“ಮಾಮ, ನೀವು ಯಾವಾಗ ಕೊಳೀತೀರಾ?”

ಮಾಮ ಗಾಬರಿಯಿಂದ ಹೆಂಡತಿಯ ಕಡೆ ನೋಡಿದ. ಆಕೆ ಬೋರ್ಡು ಒರೆಸುತ್ತಿದ್ದವಳು ತಿರುಗಲೂ ಇಲ್ಲ.

“ಅವಸರ ಮಾಡ್ಬಾರ್ದು ಪುಟ್ಟಾ,” ಎಂದಳು. “ದಿನಾ ನೋಡ್ತಾ ಇರ್ಬೇಕು.”