ಷರಾ ಕಾಲಮ್ಮಿನ ಹೆಂಡತಿ

ಕಾಗದಪತ್ರಗಳ ವಿಷಯದಲ್ಲಿ ನಾನು ಬಹಳ ಉದಾರಿ. ಯಾವ ಕಚೇರಿಯವರಾದರೂ ಒಂದು ದಾಖಲೆ ಕೇಳಿದರೆ ನಾಲ್ಕು ಕೊಡುತ್ತೇನೆ. ಕೇಳದಿದ್ದರೂ ಕೊಡುತ್ತೇನೆ. ಮೈಸೂರಿನಲ್ಲಿ ಬೆಳೆದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಕೌಂಟರಿನ ಮುಂದೆ ಒಂದೂವರೆ ಗಂಟೆ ನಿಂತು, ಕೊನೆಗೆ ನಮ್ಮ ಸರದಿ ಬಂದಾಗ "ಇದರ ಜೆರಾಕ್ಸ್ ಎಲ್ರೀ?" ಎಂದು ಕೇಳಿಸಿಕೊಂಡವರು ಜನ್ಮದಲ್ಲಿ ಮತ್ತೊಮ್ಮೆ ಆ ಪ್ರಶ್ನೆಗೆ ಸಿಕ್ಕಿಬೀಳುವುದಿಲ್ಲ. ಮೆಲ್ಬರ್ನಿನ ಟ್ರುಗನಿನಾಕ್ಕೆ ಬಂದು ಮನೆ ಮಾಡಿದ ಮೊದಲ ವಾರ ಲೈಬ್ರರಿ ಕಾರ್ಡ್ ಮಾಡಿಸಲು ಹೋದವಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಅಲ್ಲಿಯ ಹುಡುಗಿ ನನ್ನ ವಿಳಾಸವಿರುವ ಕರೆಂಟ್ ಬಿಲ್ಲು ನೋಡಿ ಕಾರ್ಡ್ ಕೊಟ್ಟೇಬಿಟ್ಟಳು. ಸಮಾಜ ವಿಜ್ಞಾನದಲ್ಲಿ ನನಗೆ ತೊಂಬತ್ತೊಂದು ಬಂದದ್ದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಇಷ್ಟು ಜೋಪಾನದ ನನ್ನ ಹಸಿರು ಫೈಲಿನಲ್ಲಿ ಒಂದೇ ಒಂದು ಕಾಗದ ಇರಲಿಲ್ಲ. ಅದು ನನ್ನ ವಿಚ್ಛೇದನದ್ದು. ಇಲ್ಲ ಎನ್ನುವುದು ತಿಳಿದದ್ದು ನಾನು ಎರಡನೆಯ ಮದುವೆಗೆ ಹೊರಟಾಗ. ನಲವತ್ತೇಳನೆಯ ವಯಸ್ಸಿನಲ್ಲಿ ಮದುವೆಯೇ ಎಂದು ಹುಬ್ಬೇರಿಸುವವರು ಏರಿಸಲಿ. ರಘು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿರುವವರು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮೆಲ್ಬರ್ನಿನಲ್ಲಿ ಗೆಳೆಯರೊಬ್ಬರ ಮನೆಯ ಯುಗಾದಿ ಊಟಕ್ಕೆ ಬಂದವರು ನನ್ನ ಪಕ್ಕದಲ್ಲಿ ಕೂತು ಮೂರು ಸಲ ಮಾವಿನಕಾಯಿ ಚಿತ್ರಾನ್ನ ಹಾಕಿಸಿಕೊಂಡರು. ಅದನ್ನು ಮಾಡಿದವಳು ನಾನು. ಉಳಿದ ಕಥೆ ನೀವೇ ಊಹಿಸಿಕೊಳ್ಳಬಹುದು.

ಅವರ ತಾಯಿ ಶಾರದಮ್ಮನವರು, ಎಂಬತ್ತೆರಡು ವರ್ಷದವರು, ಮಗನ ಮದುವೆ ನೋಡಲೆಂದೇ ಮೂರು ತಿಂಗಳ ವೀಸಾದಲ್ಲಿ ಬಂದಿಳಿದಿದ್ದರು. ಬ್ಲ್ಯಾಕ್‌ಟೌನಿನಲ್ಲಿ ಹಾಲ್ ಬುಕ್ ಆಗಿತ್ತು. ಕಾನೂನಿನ ಪ್ರಕಾರ ಮದುವೆ ಮಾಡಿಸಬೇಕಾದ ಸೆಲೆಬ್ರಂಟ್ ಜೂಡಿ ಎಂಬಾಕೆ ಎಲ್ಲವನ್ನೂ ಕೇಳಿಕೊಂಡು ಕೊನೆಗೆ, "ರಘುವಿನ ಮೊದಲ ಪತ್ನಿಯ ಮರಣಪತ್ರ ನೋಡಿದೆ. ನಿನ್ನ ಡಿವೋರ್ಸ್ ಪೇಪರ್ ತಂದುಬಿಡು, ನೋಟಿಸ್ ಫಾರಂ ತುಂಬೋಣ. ಫಾರಂ ನನ್ನ ಕೈಸೇರಿದ ಮೇಲೆ ಒಂದು ತಿಂಗಳು ಕಾಯಲೇಬೇಕು," ಎಂದಳು. ಮದುವೆಗೆ ಹತ್ತು ವಾರವಿತ್ತು. ಮದುವೆಯಾದ ಐದನೆಯ ದಿನ ಶಾರದಮ್ಮನವರ ವೀಸಾ ಮುಗಿಯುತ್ತಿತ್ತು. ಒಂದು ಕಾಗದ ತಡವಾದರೆ ಆ ಮುದುಕಿ ಬಂದ ದಾರಿಯಲ್ಲಿ ಮದುವೆ ನೋಡದೆ ಹಿಂತಿರುಗಬೇಕು. ಇನ್ನೊಮ್ಮೆ ಅಷ್ಟು ದೂರ ಬರುವ ಶಕ್ತಿ ಅವರ ಮಂಡಿಗಳಿಗೆ ಇರಲಿಲ್ಲ.

ಆ ಕಾಗದ ನನ್ನ ಬಳಿ ಯಾಕಿರಲಿಲ್ಲ ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದು ನನ್ನನ್ನು ಜಪಾನಿಗೆ ಕಳಿಸಿತ್ತು. ಅಲ್ಲಿ ಹಿರೋಷಿಯನ್ನು ಮದುವೆಯಾದೆ; ಆಮೇಲೆ ಮೈಸೂರಿಗೆ ಬಂದು ಶಾಸ್ತ್ರಕ್ಕೆ ಧಾರೆಯನ್ನೂ ಮುಗಿಸಿಕೊಂಡೆವು. ಆರು ವರ್ಷ ಸಂಸಾರ ಮಾಡಿದೆವು, ಮಕ್ಕಳಾಗಲಿಲ್ಲ. ಆಮೇಲೆ ಬೇರೆಯಾದೆವು. ಜಗಳವಾಡಿ ಅಲ್ಲ, ಜಗಳವಾಡುವಷ್ಟು ಮಾತೇ ನಮ್ಮಿಬ್ಬರ ನಡುವೆ ಉಳಿದಿರಲಿಲ್ಲ. ಅಲ್ಲಿ ಇಬ್ಬರೂ ಒಪ್ಪಿದರೆ ಕೋರ್ಟು ಕಚೇರಿ ಏನೂ ಇಲ್ಲ. ಹಸಿರು ಗೆರೆಯ ಒಂದು ಫಾರಂ, ಇಬ್ಬರು ಸಾಕ್ಷಿಗಳು, ಊರಿನ ಪುರಸಭೆಯ ಕೌಂಟರು. ಕಾಲು ಗಂಟೆಯಲ್ಲಿ ಮುಗಿಯಿತು. ಮೈಸೂರಿನಲ್ಲಿ ಗ್ಯಾಸ್ ಕನೆಕ್ಷನ್ ವರ್ಗಾವಣೆಗೆ ನಾನು ಇದಕ್ಕಿಂತ ಹೆಚ್ಚು ಓಡಾಡಿದ್ದೇನೆ. ಕೌಂಟರಿನವನು ತಲೆಬಾಗಿಸಿ, ಇದರ ಪ್ರಮಾಣಪತ್ರ ಏನಾದರೂ ಬೇಕೇ ಎಂದು ಕೇಳಿದ. ಜೀವಮಾನದಲ್ಲಿ ಮೊದಲನೆಯ ಸಲ ಒಂದು ಕಾಗದವನ್ನು ನಾನು ಬೇಡ ಎಂದೆ. ಕಣ್ಣು ತುಂಬಿದ್ದರಿಂದ ಅವನ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಹನ್ನೊಂದು ವರ್ಷದ ಮೇಲೆ ಆ ಒಂದು 'ಬೇಡ' ನನ್ನ ಕುತ್ತಿಗೆಗೆ ಬಂತು.

ಜಪಾನಿನಲ್ಲಿ ಪ್ರತಿ ಕುಟುಂಬಕ್ಕೂ ಸರಕಾರಿ ದಫ್ತರದಲ್ಲಿ ಒಂದು ದಾಖಲೆ ಇರುತ್ತದೆ. ಕೊಸೆಕಿ ಎನ್ನುತ್ತಾರೆ. ನಮ್ಮ ವಂಶವೃಕ್ಷದ ಹಾಗೆ, ಆದರೆ ಅದಕ್ಕಿಂತ ಶಿಸ್ತಿನದು. ಹುಟ್ಟಿದ್ದು, ಮದುವೆಯಾದದ್ದು, ಬಿಟ್ಟದ್ದು, ಸತ್ತದ್ದು ಎಲ್ಲ ಅದರಲ್ಲೇ. ಆದರೆ ಪರದೇಶದವರಿಗೆ ಅದರಲ್ಲಿ ಸ್ವಂತ ಜಾಗವಿಲ್ಲ. ಜಪಾನಿ ಗಂಡನ ಹೆಸರಿನ ಕೆಳಗೆ, ಇಂಥ ದಿನ ಭಾರತದೇಶದ ಇಂಥವಳನ್ನು ಮದುವೆಯಾದರು ಎಂದು ಒಂದು ಸಾಲು ಬರೆಯುತ್ತಾರೆ, ಅಷ್ಟೆ. ನಮ್ಮ ಜಮೀನಿನ ಹಳೆಯ ಪತ್ರಗಳಲ್ಲಿ ಷರಾ ಎಂದೊಂದು ಕಾಲಂ ಇರುತ್ತದಲ್ಲ, 'ಬಾವಿ ಒಂದು, ತೆಂಗಿನಮರ ಎರಡು' ಎಂದು ಬರೆಯುವ ಜಾಗ, ಆರು ವರ್ಷ ನಾನು ಅಲ್ಲಿದ್ದೆ. ನಮ್ಮ ಪದ್ಧತಿಯಲ್ಲಾದರೆ ಧಾರೆಯೆರೆದ ಕೂಡಲೇ ಹೆಣ್ಣಿನ ಗೋತ್ರವನ್ನೇ ಎತ್ತಿ ಗಂಡನ ಮನೆಗೆ ಸಾಗಿಸಿಬಿಡುತ್ತಾರೆ. ಗೋತ್ರವೇ ಇಲ್ಲದ ಹಿರೋಷಿಗೆ ಮೈಸೂರಿನ ಪುರೋಹಿತರು ಕಾಶ್ಯಪ ಗೋತ್ರ ದಯಪಾಲಿಸಿ, ನನ್ನನ್ನೂ ಅದಕ್ಕೆ ಸೇರಿಸಿ ಕೈತೊಳೆದುಕೊಂಡಿದ್ದರು. ಹೀಗೆ ನಾನು ಮೈಸೂರಿನ ಲೆಕ್ಕದಲ್ಲಿ ಕಾಶ್ಯಪ ಗೋತ್ರದವಳು, ಜಪಾನಿನ ಲೆಕ್ಕದಲ್ಲಿ ತೆಂಗಿನಮರ.

"ಅವರಿಗೇ ಒಂದು ಮೆಸೇಜ್ ಹಾಕ್ಬಿಡು ಸುಮಾ. ಅವರ ರೆಕಾರ್ಡ್ ತಾನೇ? ಅವರು ತೆಗೆಸಿ ಕಳಿಸ್ತಾರೆ," ಎಂದರು ರಘು, ಫೋನಿನಲ್ಲಿ.

"ನೀವು ಸುಮ್ನಿರಿ ರಘು. ಹನ್ನೊಂದು ವರ್ಷದಿಂದ ಒಂದು ಹ್ಯಾಪಿ ಬರ್ತ್‌ಡೇ ಕೂಡ ಇಲ್ಲ. ಈಗ ನಾನು ಇನ್ನೊಂದು ಮದ್ವೆ ಆಗ್ತಿದೀನಿ, ಪೇಪರ್ ಕಳ್ಸಪ್ಪಾ ಅಂತ ಕೈಚಾಚ್ಲಾ? ನಾನೇ ಆ ಆಫೀಸಿಗೆ ಬರೀತೀನಿ. ನಂಗೂ ಅಷ್ಟು ಜಪಾನಿ ಬರತ್ತೆ."

ಬರೆದೆ. ವಿಚ್ಛೇದನದ ಫಾರಂ ಕೊಟ್ಟ ಪುರಸಭೆಗೇ ಬರೆದೆ. ಅವರ ವೆಬ್‌ಸೈಟಿನಲ್ಲಿ ಕೇಳಿದ್ದು ಅರ್ಜಿ, ಪಾಸ್‌ಪೋರ್ಟ್ ಪ್ರತಿ, ಯಾತಕ್ಕೆ ಬೇಕು ಎಂಬ ಕಾರಣ, ಇಷ್ಟೆ. ಇಷ್ಟೇ ಕಳಿಸಿ ಸುಮ್ಮನಿರಲು ನನ್ನ ಕೈ ಬರಲಿಲ್ಲ. ಅಂದಿನ ಪಾಸ್‌ಪೋರ್ಟು ಬೇರೆ, ಇಂದಿನದು ಬೇರೆ. ಅವರು ನಾನೇ ಆ ಸುಮಂಗಲಾ ಎಂದು ನಂಬದಿದ್ದರೆ? ಹಸಿರು ಫೈಲು ತೆರೆದೆ. ಅಂಕಪಟ್ಟಿ ಹಾಕಿದೆ. ಇಂಜಿನಿಯರಿಂಗ್ ಡಿಗ್ರಿ ಹಾಕಿದೆ. ಬಾಡಿಗೆ ಕರಾರು ಹಾಕಿದೆ. ನಾನು ಯಾರ ಮಗಳು ಎನ್ನುವುದು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಲಿ ಎಂದು, ನೋಟರಿ ಸಹಿಯ ಇಂಗ್ಲಿಷ್ ಅನುವಾದದ ಸಮೇತ ನಮ್ಮ ಮನೆತನದ ವಂಶವೃಕ್ಷವನ್ನೂ ಹಾಕಿದೆ. ಲಕೋಟೆ ದಿಂಬಿನಷ್ಟು ದಪ್ಪವಾಯಿತು. ನನಗೆ ಪರಮ ಸಮಾಧಾನವಾಯಿತು.

ಮೂರು ವಾರಕ್ಕೆ ದಿಂಬು ವಾಪಸು ಬಂತು. ಪ್ರತಿ ಕಾಗದಕ್ಕೂ ಒಂದು ಪುಟ್ಟ ಹಳದಿ ಚೀಟಿ ಅಂಟಿಸಿ, ಒಂದು ಚೂರೂ ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಕಳಿಸಿದ್ದರು. ಅಂಕಪಟ್ಟಿಯ ಮೇಲೆ 'ಅನಗತ್ಯ'. ಬಾಡಿಗೆ ಕರಾರಿನ ಮೇಲೆ 'ಅನಗತ್ಯ'. ಜೊತೆಗೆ ಒಂದು ಪತ್ರ. ಮೊದಲ ಎರಡು ಪ್ಯಾರಾ ನಮ್ಮಲ್ಲಿನ ಹವೆ, ನನ್ನ ಆರೋಗ್ಯ ಮತ್ತು ಅವರ ಕ್ಷಮಾಯಾಚನೆ. ಮೂರನೆಯದರಲ್ಲಿ ವಿಷಯ. ನನ್ನ ಜಪಾನಿಯನ್ನು ನಂಬಬಹುದಾದರೆ ಅದು ಹೀಗಿತ್ತು: 'ತಾವು ಲಗತ್ತಿಸಿದ ಭಾರತದ ಅಧಿಕೃತ ದಾಖಲೆಯ ಪ್ರಕಾರ ತಾವು ಅವಿವಾಹಿತರೆಂದು ತಿಳಿದುಬರುತ್ತದೆ. ಆ ದಾಖಲೆಯ ತಾರೀಖು ತಮ್ಮ ವಿಚ್ಛೇದನದ ನಂತರದ್ದಾಗಿದೆ. ಅದರಲ್ಲಿರುವವರೂ ಅರ್ಜಿದಾರರೂ ಒಬ್ಬರೇ ಎಂದು ಭಾವಿಸಲು ನಮಗೆ ಕಷ್ಟವಾಗಿದೆ. ದಯವಿಟ್ಟು ಸ್ಪಷ್ಟೀಕರಿಸಬೇಕು. ತಮ್ಮ ಮಾಜಿ ಪತಿಯವರೇ ಅರ್ಜಿ ಸಲ್ಲಿಸಿದಲ್ಲಿ ಅಂದೇ ದೊರೆಯುತ್ತದೆ.'

ವಂಶವೃಕ್ಷ ತೆಗೆದು ನೋಡಿದೆ. ನಿಜ. ತಾತನ ಸೈಟಿನ ಪಾಲಿಗೆಂದು ಎಂಟು ವರ್ಷದ ಹಿಂದೆ ಅಪ್ಪ ಮಾಡಿಸಿದ್ದು ಅದು. ಆಗ ರಜೆಯಲ್ಲಿ ಮೈಸೂರಿಗೆ ಹೋಗಿದ್ದೆ. ಅಪ್ಪ ಕಾಗದ ಮುಂದಿಟ್ಟು, "ಜಪಾನು, ಡಿವೋರ್ಸು ಅಂತೆಲ್ಲ ಬರೆದ್ರೆ ಆ ಗುಮಾಸ್ತ ಹತ್ತು ಪ್ರಶ್ನೆ ಕೇಳ್ತಾನೆ ಪುಟ್ಟಿ. ಅವಿವಾಹಿತೆ ಅಂತ ಹಾಕ್ಬಿಡೋಣ, ಒಂದೇ ಮಾತಲ್ಲಿ ಮುಗಿಯತ್ತೆ," ಎಂದಿದ್ದರು. ನಾನು ಸಹಿ ಹಾಕಿದ್ದೆ. ಎಂಟು ವರ್ಷ ಆ ಪದವನ್ನು ನಾನು ಮತ್ತೆ ಓದಿರಲಿಲ್ಲ. ಜೆರಾಕ್ಸ್ ಮಾಡುವವರು ಕಾಗದ ಓದುವುದಿಲ್ಲ, ಎಣಿಸುತ್ತಾರೆ. ಜಪಾನಿನಲ್ಲಿ ಓದಿಬಿಟ್ಟರು.

ಆ ಶನಿವಾರ ಪತ್ರವನ್ನೂ ವಂಶವೃಕ್ಷವನ್ನೂ ಹಿಡಿದು ಬ್ಲ್ಯಾಕ್‌ಟೌನಿಗೆ ಹೋದೆ. ರಘು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ನನಗೆ ನಗು ಬರಲಿಲ್ಲ. ಶಾರದಮ್ಮನವರು ಮಾತ್ರ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ ಎಲ್ಲ ಕೇಳಿದರು. ಆಗಿನ್ನೂ ಅವರು ನನಗೆ ಆಂಟಿ. ಅತ್ತೆಯಾಗಿ ಬಡ್ತಿ ಸಿಗುವುದೂ ಆ ಕಾಗದದ ಮೇಲೆಯೇ ನಿಂತಿತ್ತು.

"ಆ ಹುಡುಗ ಕೆಟ್ಟೋನಾ?" ಎಂದು ಕೇಳಿದರು.

"ಇಲ್ಲ ಆಂಟಿ. ಒಳ್ಳೆಯವರೇ."

"ಮತ್ತೆ ಕೇಳೋಕೇನು? ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ, ಎಲ್ರನ್ನೂ ಕೇಳ್ತೀಯ, ಅವನೊಬ್ಬನ್ನ ಬಿಟ್ಟು. ನಂಗೆ ನಾಚ್ಕೆ ಅಂತ ಹೇಳು, ಒಪ್ಕೋತೀನಿ. ಅವನು ಕೊಡಲ್ಲ ಅಂತ ಮಾತ್ರ ಹೇಳ್ಬೇಡ. ನೀನು ಕೇಳೇ ಇಲ್ವಲ್ಲ."

ಅವರ ಎದುರಿಗೇ ಕೂತು ಮೆಸೇಜ್ ಕಳಿಸಿದೆ. ಕ್ಷೇಮವೆಂದು ನಂಬಿದ್ದೇನೆ, ಮರುಮದುವೆಯಾಗುತ್ತಿದ್ದೇನೆ, ಕೊಸೆಕಿ ಬೇಕು. ಏಳು ನಿಮಿಷಕ್ಕೆ ಉತ್ತರ ಬಂತು: 'ಅರ್ಥವಾಯಿತು. ಅಭಿನಂದನೆಗಳು.' ಅರ್ಧ ಗಂಟೆಗೆ ಒಂದು ಫೋಟೊ. ಅಲ್ಲೀಗ ಸೂಪರ್ ಮಾರ್ಕೆಟ್ಟಿನಂಥ ಚಿಲ್ಲರೆ ಅಂಗಡಿಯ ಯಂತ್ರದಲ್ಲೇ ಕೊಸೆಕಿ ಅಚ್ಚಾಗಿ ಬರುತ್ತದಂತೆ. ನಾನು ಹತ್ತಿರ ಹತ್ತಿರ ಒಂದು ತಿಂಗಳು ಒದ್ದಾಡಿದ ಕಾಗದವನ್ನು ಆತ ಮೊಟ್ಟೆ ಸ್ಯಾಂಡ್‌ವಿಚ್ ಕೊಳ್ಳುವ ಜಾಗದಲ್ಲಿ ತೆಗೆದುಕೊಂಡಿದ್ದ. ಫೋಟೊ ದೊಡ್ಡದು ಮಾಡಿ ನೋಡಿದೆ. ಹಿರೋಷಿ, ಅವನ ಹೊಸ ಹೆಂಡತಿ, ಒಬ್ಬ ಮಗ. ಕೆಳಗೆ ಅವನ ಒಕ್ಕಣೆ: 'ಊರು ಬದಲಾಯಿಸಿದಾಗ ದಾಖಲೆಯೂ ಬದಲಾಯಿತು. ಇದರಲ್ಲಿ ನೀನಿಲ್ಲ. ಹಳೆಯ ಊರಿಗೆ ಹೋಗಿ ಹಳೆಯದನ್ನು ತರುತ್ತೇನೆ.'

ಇದರಲ್ಲಿ ನೀನಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ ಅವರೆಕಾಯಿಯ ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕಿದೆ. ಆರು ವರ್ಷ ಆ ಮನೆಯಲ್ಲಿ ಅನ್ನ ಮಾಡಿದ್ದೇನೆ. ಅವನ ತಾಯಿಗೆ ಸಾರು ಕುಡಿಯುವುದು ಕಲಿಸಿದ್ದೇನೆ. ಅವನ ತಂದೆ ಆಸ್ಪತ್ರೆಯಲ್ಲಿದ್ದಾಗ ಹನ್ನೆರಡು ದಿನ ಪಕ್ಕದಲ್ಲಿ ಕೂತಿದ್ದೇನೆ. ತೆಂಗಿನಮರವಾಗಿಯಾದರೂ ಇರಬಾರದಿತ್ತೇ? 'ಇಷ್ಟು ಸುಲಭವಾಗಿ ಅಳಿಸಿಬಿಟ್ಟೆಯಾ' ಎಂದು ಟೈಪ್ ಮಾಡಿದೆ. ಕಳಿಸುವ ಮುಂಚೆ ಕಣ್ಣು ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿದ್ದ ವಂಶವೃಕ್ಷದತ್ತ ಹೋಯಿತು. ಅವನ ದಾಖಲೆಯಿಂದ ನನ್ನನ್ನು ಅಳಿಸಿದ್ದು ಊರು ಬದಲಾದಾಗಿನ ಯಾವುದೋ ನಿಯಮ. ನನ್ನದರಲ್ಲಿ 'ಅವಿವಾಹಿತೆ'ಯ ಕೆಳಗೆ ನನ್ನದೇ ಸಹಿ, ದುಂಡಗೆ, ಪೂರ್ತಿ ಹೆಸರು, ತಾರೀಖು ಸಹಿತ. ಟೈಪ್ ಮಾಡಿದ್ದನ್ನು ಅಳಿಸಿ 'ತೊಂದರೆ ಕೊಟ್ಟೆ, ಕ್ಷಮಿಸು' ಎಂದು ಬರೆದೆ.

ಅವನು ಅರ್ಧ ದಿನ ರಜೆ ಹಾಕಿ, ಎರಡು ರೈಲು ಬದಲಾಯಿಸಿ ಹಳೆಯ ಊರಿಗೆ ಹೋಗಿ ಬಂದ. ಎಂಟನೆಯ ದಿನ ಟ್ರುಗನಿನಾಕ್ಕೆ ಲಕೋಟೆ ಬಂತು. ಒಳಗೆ ಕೇಳಿದ ಒಂದೇ ಕಾಗದ, ಅದರ ಒಂದೇ ಪ್ರತಿ. ಅವರ ದೇಶದವರು ಹಾಗೆ. ಎರಡೇ ಸಾಲಿನಲ್ಲಿ ನಾನಿದ್ದೆ, ಒಂದು ಬಂದದ್ದು, ಒಂದು ಹೋದದ್ದು. ಓದಿ ಸ್ವಲ್ಪ ಅತ್ತೆ. ಆಮೇಲೆ ಹೋಗಿ ಆರು ಜೆರಾಕ್ಸ್ ಮಾಡಿಸಿ ಅನುವಾದಕ್ಕೆ ಕೊಟ್ಟೆ.

ಒಂದು ತಿಂಗಳ ಗಡುವಿಗೆ ಇನ್ನು ಎರಡು ದಿನ ಉಳಿದಿರುವಾಗ ಜೂಡಿ ಬ್ಲ್ಯಾಕ್‌ಟೌನಿನ ಮನೆಗೆ ಬಂದಳು. ಮೂಲ ನೋಡಿದಳು, ಅನುವಾದ ಓದಿದಳು, ಉಳಿದ ಪ್ರತಿಗಳನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು. ಆಮೇಲೆ ಫಾರಂ ಕೊಟ್ಟಳು. ಹೆಸರು, ಉದ್ಯೋಗ, ಹುಟ್ಟಿದ ಊರು ಎಲ್ಲ ಸರಸರನೆ ತುಂಬಿ, ಸಹಿ ಹಾಕಿ, ಸಂತೋಷದಿಂದ ಅವಳ ಕೈಗಿತ್ತೆ. ಅವಳು ಕನ್ನಡಕ ಮೂಗಿಗೆ ಇಳಿಸಿ ನನ್ನನ್ನೇ ನೋಡಿದಳು.

"ಸುಮಾ, ನೀನು 'ಹಿಂದೆ ಮದುವೆಯಾಗಿಲ್ಲ' ಅನ್ನುವಲ್ಲಿ ಗುರುತು ಹಾಕಿದ್ದೀಯ."

ರಘು ಈ ಸಲ ನಗಲಿಲ್ಲ. ಶಾರದಮ್ಮನವರು "ಏನಂತೋ?" ಎಂದು ಮಗನನ್ನು ಕೇಳಿದರು. ಹನ್ನೊಂದು ವರ್ಷದಿಂದ ಜಿಮ್ಮು, ದೇವಸ್ಥಾನ, ಬಾಡಿಗೆ ಮನೆ, ಎಲ್ಲ ಫಾರಂಗಳಲ್ಲೂ ನನ್ನ ಪೆನ್ನು ತಾನಾಗಿ ಹೋಗಿ ಕೂರುತ್ತಿದ್ದ ಜಾಗ ಅದು. ಜೂಡಿ ಗದರಿಸಲಿಲ್ಲ. ತಪ್ಪು ಗುರುತಿನ ಮೇಲೆ ಒಂದು ಗೆರೆ ಎಳೆದು, ಕೆಳಗಿನ ಚೌಕದಲ್ಲಿ ಸರಿಯಾದದ್ದನ್ನು ಹಾಕಿಸಿ, ಪಕ್ಕದ ಖಾಲಿ ಜಾಗದಲ್ಲಿ ಸಣ್ಣದಾಗಿ ಸಹಿ ಮಾಡು ಎಂದಳು. ಮಾಡಿದೆ.

ಹೀಗೆ ನನ್ನ ದಾಖಲೆಯಲ್ಲೂ ಹಿರೋಷಿ ಕೊನೆಗೆ ಅಂಚಿನಲ್ಲೇ ಜಾಗ ಹಿಡಿದ, ಒಂದು ಹೊಡೆದ ಗೆರೆ, ಒಂದು ಚಿಕ್ಕ ಸಹಿ. ಆ ಪುಟದ ಒಂದು ಪ್ರತಿ ಬೇಕು ಎಂದು ಜೂಡಿಯನ್ನು ಕೇಳಿದೆ. "ಇದು ಯಾವುದಕ್ಕೂ ಬೇಕಾಗುವುದಿಲ್ಲ," ಎಂದಳು. ನನಗೂ ಅದು ಗೊತ್ತಿತ್ತು. ಹಸಿರು ಫೈಲಿನಲ್ಲಿ ಅಂಕಪಟ್ಟಿಗಿಂತ ಮೇಲೆ ಇಟ್ಟಿದ್ದೇನೆ.