ನಾಲ್ಕು ದೇಶ, ಒಂದು ಹುಳುಮನೆ

ಒಂದೇ ಅಡುಗೆಮನೆಯಲ್ಲಿ ಇಬ್ಬರು ಸೇರಿ ಒಂದು ಪಾತ್ರೆ ಸಾರು ಮಾಡಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಒಂದೋ ಉಪ್ಪು ಎರಡು ಸಲ ಬಿದ್ದಿರುತ್ತದೆ, ಇಲ್ಲವೇ ‘ಅವರು ಹಾಕಿರುತ್ತಾರೆ’ ಎಂಬ ಪರಸ್ಪರ ಗೌರವದಲ್ಲಿ ಬಿದ್ದೇ ಇರುವುದಿಲ್ಲ. ನಾನು ಮತ್ತು ನಮ್ಮತ್ತೆ ಈ ವಿಷಯದಲ್ಲಿ ಬಹಳ ಅನುಭವಸ್ಥರು. ಹೀಗಿರುವಾಗ ನಾಲ್ಕು ದೇಶದವರು ಸೇರಿ ಒಂದು ಸಿನಿಮಾ ಮಾಡುತ್ತಾರೆ, ಅದನ್ನು ನಮ್ಮ ಮನೆಯಲ್ಲೇ ಮಾಡುತ್ತಾರೆ ಎಂದಾಗ ನಾನು ಹುಷಾರಾಗಬೇಕಿತ್ತು. ಆಗಲಿಲ್ಲ. ಕ್ಯಾಮೆರಾ ಎಂಬ ಶಬ್ದ ಕಿವಿಗೆ ಬಿದ್ದ ಮೇಲೂ ಹುಷಾರಾಗಿರುವ ಮನುಷ್ಯರನ್ನು ನಾನಿನ್ನೂ ಕಂಡಿಲ್ಲ.

ನಾನು ಕನಕಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಡಂ. ಮನೆ ಮಾತ್ರ ಊರಾಚೆಯ ಹಳ್ಳಿಯಲ್ಲಿ. ನನ್ನ ಗಂಡ ಕೆಂಪರಾಜು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ನಮ್ಮತ್ತೆ ಚಿಕ್ಕತಾಯಮ್ಮನವರು ಹುಳುಗಳನ್ನು, ನನ್ನ ಗಂಡನನ್ನು ಮತ್ತು ನನ್ನನ್ನು, ಇದೇ ಅನುಕ್ರಮದಲ್ಲಿ, ಪ್ರೀತಿಯಿಂದ ಆಳುತ್ತಾರೆ. ಈ ಸಾಮ್ರಾಜ್ಯಕ್ಕೆ ಒಂದು ದಿನ ಬೆಂಗಳೂರಿನಿಂದ ನಂದಿತಾ ಎಂಬ ನಿರ್ದೇಶಕಿ ಬಂದಳು. ಏಷ್ಯಾದ ರೇಷ್ಮೆ ಮನೆಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುವವಳು. ಜಪಾನಿನವರು, ಕೊರಿಯಾದವರು, ಫಿನ್ಲೆಂಡಿನವರು ಮತ್ತು ಅವಳು ಸೇರಿ ಮಾಡುವುದಂತೆ. “ಅಂತಾರಾಷ್ಟ್ರೀಯ ಸಹನಿರ್ಮಾಣ” ಎಂದಳು. ನನ್ನ ಗಂಡ ತಲೆ ಕೆರೆದುಕೊಂಡು, “ಅಂಗಂದ್ರೆ ಪಾಲಿಗೆ ಬೇಸಾಯ ಮಾಡ್ದಂಗೆ. ಬೆಳೆ ಒಂದೇ, ಯಜಮಾನ್ರು ನಾಕು ಜನ” ಎಂದರು. ಯಜಮಾನರು ನಾಲ್ವರಾದರೂ ಗದ್ದೆ ನಮ್ಮದೇ ಎಂಬುದು ಆ ಕ್ಷಣ ಇಬ್ಬರಿಗೂ ಹೊಳೆಯಲಿಲ್ಲ.

ಹೇಳಿದ ಹಾಗೆ ನಂದಿತಾಳ ಜೊತೆ ಮೂವರು ಬಂದಿಳಿದರು. ಜಪಾನಿನ ನಿರ್ಮಾಪಕಿ ಹಾರುಕೋ, ಸಣ್ಣಗೆ ನಗುವ, ನಡುವಯಸ್ಸಿನ ಹೆಂಗಸು. ಕೊರಿಯಾದ ಕ್ಯಾಮೆರಾಮನ್ ಸಂಗ್‌ಜೂ. ಫಿನ್ಲೆಂಡಿನ ಟೀವಿಯವರ ಕಡೆಯಿಂದ ಏರೋ ಎಂಬ ಎತ್ತರದ ಮನುಷ್ಯ. ನಮ್ಮ ಬಾಗಿಲು ಅವರನ್ನು ಮೊದಲ ದಿನವೇ ಹಣೆಗೆ ಬಡಿದು ಸ್ವಾಗತಿಸಿತು. ಅತ್ತೆ ಅರಿಶಿನ ಹಚ್ಚುತ್ತಾ ಹೆಸರು ಕೇಳಿದರು. ‘ಏರೋ’ ಎಂದದ್ದೇ ತಡ, “ಈರಣ್ಣನಾ? ಒಳ್ಳೆ ದೇವ್ರೆಸ್ರು ಕಣಪ್ಪ” ಎಂದು ಖುಷಿಪಟ್ಟರು. ಸಂಗ್‌ಜೂ ಸಂಜು ಆದ. ಹಾರುಕೋ ಹತ್ತಿರ ಮಾತ್ರ ಸ್ವಲ್ಪ ತಡೆದರು. “ಹಾರುಕೋ ಅಂದ್ರೆ ಎಲ್ಲಿಂದ ಹಾರ್ಕೊಳದವ್ವಾ? ಒನ್ನಮ್ಮ ಅಂತೀನಿ ಬುಡು.” ಹೀಗೆ ಹಾರುಕೋ ಹೊನ್ನಮ್ಮನಾಗಿ, ಅರ್ಧ ಗಂಟೆಯೊಳಗೆ ಇಡೀ ಅಂತಾರಾಷ್ಟ್ರೀಯ ತಂಡ ಕನಕಪುರ ತಾಲ್ಲೂಕಿಗೆ ಸೇರಿಹೋಯಿತು.

ಬಂದ ದಿನವೇ ಒಂದು ಗಾಬರಿ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳುಮನೆಯ ಬಾಗಿಲಲ್ಲಿ ಅತ್ತೆ ಅಡ್ಡ ನಿಂತು, “ಈಗ ಬರ್ಬ್ಯಾಡಿ, ನಾಕ್ನೇ ಜ್ವರದಲ್ಲವೆ” ಎಂದರು. ದುಭಾಷಿಯ ಹೊಸ ಹುಮ್ಮಸ್ಸಿನಲ್ಲಿದ್ದ ನಾನು ಅದನ್ನು ಅಕ್ಷರಶಃ ಇಂಗ್ಲಿಷಿಗೆ ಇಳಿಸಿದೆ. ಏರೋ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಜೇಬಿನಿಂದ ಮಾಸ್ಕ್ ತೆಗೆದರು. ಡಾಕ್ಟರಿಗೆ ಹೇಳಿದ್ದೀರಾ ಎಂದು ವಿಚಾರಿಸಿದರು. ನಾನು ತಿದ್ದಿ ವಿವರಿಸುವಷ್ಟರಲ್ಲಿ ಮೂರು ದೇಶಗಳಿಗೆ ಮೆಸೇಜು ಹೋಗಿತ್ತು.

ಚಿತ್ರೀಕರಣ ಶುರುವಾಯಿತು. ನಂದಿತಾ, “ನೀವು ದಿನಾ ಹೇಗಿರ್ತೀರೋ ಹಾಗೇ ಇರಿ” ಎಂದಿದ್ದಳು. ಇದಕ್ಕಿಂತ ಕಷ್ಟದ ಮಾತನ್ನು ಯಾರೂ ಯಾರಿಗೂ ಹೇಳಬಾರದು. ಮರುದಿನ ಬೆಳಿಗ್ಗೆ ಅತ್ತೆ ಮದುವೆಮನೆ ಸೀರೆ, ಕಾಸಿನ ಸರ, ಮುಡಿತುಂಬ ಕನಕಾಂಬರದೊಂದಿಗೆ ಸೊಪ್ಪಿನ ಹೊರೆ ಎತ್ತಿಕೊಂಡು ಬಂದರು. ನಂದಿತಾ ಕೈಮುಗಿದು, “ಅಮ್ಮಾ, ಮಾಮೂಲಿ ಸೀರೆ ಸಾಕು” ಎಂದಳು. ಅತ್ತೆ ಹೊರೆ ಇಳಿಸಿ ಸೊಂಟದ ಮೇಲೆ ಕೈಯಿಟ್ಟರು. “ನಾಕು ದೇಸದೋರು ನೋಡದು ಕಣವ್ವಾ. ಅಳೇ ಸೀರೇಲಿ ನಿಂತ್ಕಂಡ್ರೆ ಏನಂದ್ಕಂಡಾರು? ಸೊಸೆ ಕೆಲ್ಸದಲ್ಲವಳೆ, ಅತ್ತೇಗೊಂದು ಸೀರೆ ತಂದಿಲ್ಲ ಅನ್ನಾಕಿಲ್ವಾ?” ನನ್ನ ಮಾನ ನಾಲ್ಕು ದೇಶಗಳಲ್ಲಿ ಉಳಿಸಲು ನಿಂತ ಅತ್ತೆಯನ್ನು ನಾನು ಹೇಗೆ ತಡೆಯಲಿ? ನನ್ನ ಗಂಡ ಇನ್ನೂ ಸರಳವಾಗಿ ನಡೆದುಕೊಂಡರು. ಬೆಳಗಿನ ಸಂದರ್ಶನವನ್ನು ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಹೋದವರು, ಮಧ್ಯಾಹ್ನ ಉಳಿದರ್ಧಕ್ಕೆ ಬಂದಾಗ ಮೀಸೆಗೆ ಕಪ್ಪು ಹಚ್ಚಿದ್ದರು. ಸಂಗ್‌ಜೂ ಕ್ಯಾಮೆರಾದಲ್ಲಿ ಕಣ್ಣಿಟ್ಟು, ತೆಗೆದು, ಮತ್ತೆ ಇಟ್ಟ. ಆಮೇಲೆ ತನ್ನ ಭಾಷೆಯಲ್ಲಿ ಏನೋ ಅಂದ. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಯಜಮಾನರ ನಡುವೆಯೂ ಎಲ್ಲ ನೆಟ್ಟಗಿರಲಿಲ್ಲ. ಹಾರುಕೋಗೆ ಹುಳುಗಳೇ ಮುಖ್ಯ. ಅವು ಸೊಪ್ಪು ತಿನ್ನುವಾಗ ಮಳೆ ಬಂದಂತೆ ಕೇಳುವ ಸದ್ದು ಬೇಕು, ಮನುಷ್ಯರು ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದು. ಕೊರಿಯಾದ ಕಚೇರಿಯಿಂದ ದಿನಾ ಬರುತ್ತಿದ್ದ ಫೋನು, ಅತ್ತೆ ಸೊಸೆ ಮಗನ ಸಂಸಾರದ ಕಥೆ ಬೇಕೆನ್ನುತ್ತಿತ್ತು. ಏರೋ ಅವರದು ಒಂದೇ ಪ್ರಶ್ನೆ: “ಇದರಲ್ಲಿ ಸಂಘರ್ಷ ಎಲ್ಲಿದೆ?” ನಾನು ಪಾಪ ಸಹಾಯ ಮಾಡೋಣವೆಂದು, ಸಂಜೆ ಟೀವಿ ಸೀರಿಯಲ್ಲಿಗೂ ಕ್ರಿಕೆಟ್ಟಿಗೂ ತಾಯಿ ಮಗನಿಗೆ ಆಗುವ ಜಗಳವನ್ನು ಸೂಚಿಸಿದೆ. ಅವರು ನಯವಾಗಿ ನಿರಾಕರಿಸಿದರು. ಈ ಮೂವರ ನಡುವೆ ನಂದಿತಾ ತೆಳ್ಳಗಾಗುತ್ತಿದ್ದಳು. ಅತ್ತೆ ಅವಳಿಗೆ ಒಂದು ಮುದ್ದೆ ಜಾಸ್ತಿ ಹಾಕುತ್ತಿದ್ದರು.

ನನ್ನ ಸಂದರ್ಶನವೂ ಆಯಿತು. ರೇಷ್ಮೆ ಚೀನಾದಿಂದ ಹೊರಟು ಒಂಟೆಗಳ ಮೇಲೆ ಜಗತ್ತು ಸುತ್ತಿದ ಕಥೆಯನ್ನು ನಾನು ಕನ್ನಡಿಯ ಮುಂದೆ ವಾರವಿಡೀ ಅಭ್ಯಾಸ ಮಾಡಿದ್ದೆ. ತೋಟದ ಬದುವಿನಲ್ಲಿ ನಿಲ್ಲಿಸಿ ಮಾತಾಡಿಸಿದರು. ಒಂಟೆಗಳು ಮರುಭೂಮಿ ತಲುಪಿದಾಗಲೆಲ್ಲ ಪಕ್ಕದ ಹೊಲದಲ್ಲಿ ನವಿಲು ಕೂಗುತ್ತಿತ್ತು, ನಾನು ಮತ್ತೆ ಚೀನಾದಿಂದ ಹೊರಡಬೇಕಾಗುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಹೇಗೋ ರೋಮ್ ಮುಟ್ಟಿದೆ. “ತುಂಬಾ ಚೆನ್ನಾಗಿ ಬಂತು ಮೇಡಂ” ಎಂದಳು ನಂದಿತಾ.

ನಿಜವಾದ ಪರೀಕ್ಷೆ ಬಂದದ್ದು ಕೊನೆಗೆ. ಹುಳು ತಿಂದು ತಿಂದು ಮೈ ಹೊಳೆಯುವಂತಾಗಿ, ಜೇನಿನ ಬಣ್ಣಕ್ಕೆ ತಿರುಗಿದರೆ ಹಣ್ಣಾಯಿತು ಎಂದರ್ಥ. ಆಗ ಅವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ತಟ್ಟೆಗೆ, ಬಿಡಬೇಕು. ಅಲ್ಲಿ ಅವು ಗೂಡು ಕಟ್ಟುತ್ತವೆ. ತಡವಾದರೆ ಸೊಪ್ಪಿನ ಕಡ್ಡಿಯ ಮೇಲೆಯೇ ನೂಲು ಉಗುಳಿ ಬೆಳೆ ಹಾಳು. ಇದೇ ಸಿನಿಮಾದ ಮುಖ್ಯ ದೃಶ್ಯವೆಂದು ನಾಲ್ಕು ದೇಶವೂ ಒಪ್ಪಿಕೊಂಡಿತ್ತು. ಅವರು ಒಪ್ಪಿದ ಏಕೈಕ ವಿಷಯ ಅದು. ಅದನ್ನು ಸೋಮವಾರಕ್ಕೆ ಎಂದು ಗೊತ್ತು ಮಾಡಿದ್ದರು. ಆದರೆ ಬಿಸಿಲು ಏರಿ ಹುಳುಗಳು ಒಂದು ದಿನ ಮೊದಲೇ ಹಣ್ಣಾದವು. ಹುಳು ಆರಿಸಲು ಬರುವ ಹೆಂಗಸರೆಲ್ಲ ಅವತ್ತೇ ಮಾಗಡಿಯಲ್ಲಿ ಒಂದು ಮದುವೆಗೆಂದು ಬಸ್ಸು ಮಾಡಿಕೊಂಡು ಹೋಗಿದ್ದರು. ಭಾನುವಾರವಾದ್ದರಿಂದ ನಾನು ಮನೆಯಲ್ಲಿದ್ದೆ. ಸಿನಿಮಾದವರು ಜಗುಲಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು, ಚಿತ್ರ ಹುಳುವಿನಿಂದ ಶುರುವಾಗಬೇಕೋ ಅತ್ತೆಯಿಂದಲೋ ಎಂದು ದೇಶದೇಶಗಳೊಂದಿಗೆ ವಾದಿಸುತ್ತಿದ್ದರು.

ಹುಳುಮನೆಯಿಂದ ಅತ್ತೆಯ ಕೂಗು ಕೇಳಿಸಿತು. “ಕೆಂಪ! ಉಳ ಅಣ್ಣಾಗೋದ್ವು ಕಣ್ಲಾ! ಬಿರ್ನೆ ಬಾರ್ಲಾ!” ನನ್ನ ಗಂಡ ಒಳಗೆ ಇಣುಕಿ ಬಂದವರು ಕಂಬ ಹಿಡಿದು ನಿಂತುಬಿಟ್ಟರು. “ನಾವು ಮೂರೇ ಜನ. ಆಗಾಕಿಲ್ಲ ಇದು” ಎಂದರು. ಅವರು ಹಾಗೆ ಹೇಳಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಸಂಗ್‌ಜೂ ಆಗಲೇ ಕ್ಯಾಮೆರಾ ಹೆಗಲಿಗೇರಿಸಿದ್ದ. ಏರೋ ಅವರ ಕಣ್ಣಲ್ಲಿ ಸಂಘರ್ಷ ಸಿಕ್ಕ ಬೆಳಕಿತ್ತು. ಅತ್ತೆ ಹೊರಬಂದು ಎಲ್ಲರನ್ನೂ ಒಮ್ಮೆ ನೋಡಿದರು. “ಈರಣ್ಣ, ಸಂಜು, ಒನ್ನಮ್ಮ! ಕ್ಯಾಮ್ರಾಗೀಮ್ರಾ ಆಮ್ಯಾಕೆ. ಕೈ ತೊಳ್ಕಂಡು ಒಳೀಕ್ ಬನ್ನಿ.” ನಾನು ಅನುವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಸಂಗ್‌ಜೂ ಕ್ಯಾಮೆರಾವನ್ನು ತುಳಸಿಕಟ್ಟೆಯ ಪಕ್ಕ ಇಟ್ಟು ನಲ್ಲಿಯ ಕಡೆ ನಡೆದಿದ್ದ, ನಂದಿತಾಳೂ ತೋಳು ಮಡಚಿಕೊಂಡು ಅವನ ಹಿಂದೆ.

ಮುಂದಿನದು ನಾನು ಕಂಡ ಅತಿ ಸುಂದರ ದಿನಗಳಲ್ಲೊಂದು. ಏರೋ ಮೊದಲ ಹುಳುವನ್ನು ಬಾಂಬಿನಂತೆ ಎತ್ತಿಕೊಂಡರು. ಗೂಡು ಕಟ್ಟುವ ಮುಂಚೆ ಹುಳು ಮೈಯ ನೀರು ಬಿಡುತ್ತದೆ. ಅದು ಅವರ ಅಂಗೈ ಮೇಲೆಯೇ ಬಿಟ್ಟಿತು. ಅವರು ಕೂಗಿಕೊಂಡದ್ದು ಕೇಳಿ ಅತ್ತೆ, “ಕೂಸು ಉಚ್ಚೆ ಉಯ್ದ್ರೆ ಒಳ್ಳೇದಾಯ್ತದೆ ಕಣಪ್ಪ, ಆರ್ಸು” ಎಂದರು. ಆಮೇಲೆ ಅವರ ಉದ್ದ ಕೈ ಹಿಂದಿನ ಮೂಲೆಗಳಿಗೂ ಚಾಚುವುದು ಎಲ್ಲರಿಗೂ ಅನುಕೂಲವಾಯಿತು. ಕೊರಿಯಾದಲ್ಲಿ ರೇಷ್ಮೆಗೂಡಿನೊಳಗಿನ ಹುಳುವನ್ನು ಬೇಯಿಸಿ ತಿನ್ನುತ್ತಾರೆ, ಚಿಕ್ಕಂದಿನಲ್ಲಿ ತನಗದು ಇಷ್ಟವಾಗಿತ್ತು ಎಂದು ಸಂಗ್‌ಜೂ ಹೇಳಿದ. ನಾನು ಅತ್ತೆಗೆ ಹೇಳಿದೆ. ಅವರು ಹತ್ತಿರ ಬಂದು ಕಿವಿಯಲ್ಲಿ, “ಅವನ್ಮ್ಯಾಲೆ ಒಂದ್ ಕಣ್ಣು ಮಡಗಿರು” ಎಂದರು. ಹಾರುಕೋ ಮಾತ್ರ ಯಾರ ಹತ್ತಿರವೂ ಕೇಳದೆ ಎರಡೂ ಕೈಯಿಂದ ಸರಸರನೆ ಆರಿಸುತ್ತಿದ್ದರು. ಎಲ್ಲಿ ಕಲಿತಿರಿ ಎಂದೆ. ಅಜ್ಜಿಯ ಮನೆಯ ಅಟ್ಟದ ಮೇಲೆ ಹುಳು ಸಾಕುತ್ತಿದ್ದರಂತೆ. ಅಜ್ಜಿ ಹೋದ ಮೇಲೆ ಈ ವಾಸನೆ ಮತ್ತೆ ಸಿಗುತ್ತದೆಂದು ಅಂದುಕೊಂಡಿರಲಿಲ್ಲವಂತೆ. ಅದನ್ನು ಅತ್ತೆಗೆ ಹೇಳಿದಾಗ ಅವರು ತಮ್ಮ ಸೆರಗಿನಿಂದ ಹಾರುಕೋ ಹಣೆಯ ಬೆವರು ಒರೆಸಿ ಮತ್ತೆ ಹುಳುವಿಗೆ ಕೈ ಹಾಕಿದರು.

ಹೊತ್ತು ಇಳಿಯುವಾಗ ಕೊನೆಯ ಚಂದ್ರಿಕೆ ತುಂಬಿತು. ಬೆಳೆ ಉಳಿಯಿತು. ನನ್ನ ಗಂಡ ನಿಂತಲ್ಲೇ ನಗತೊಡಗಿದರು. ಏರೋ ಬಂದು ಅವರನ್ನು ತಬ್ಬಿಕೊಂಡರು. ನೆರಳಲ್ಲಿ ಸಾಲಾಗಿ ಒರಗಿದ ಚಂದ್ರಿಕೆಗಳ ಮುಂದೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನಂದಿತಾ ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟಳು. “ಇದನ್ನೆಲ್ಲ ಯಾರು ಶೂಟ್ ಮಾಡಿದ್ರು?”

ಯಾರೂ ಮಾಡಿರಲಿಲ್ಲ. ನಾಲ್ಕು ದೇಶ ಒಪ್ಪಿದ್ದ ಒಂದೇ ದೃಶ್ಯಕ್ಕೆ ನಾಲ್ಕೂ ದೇಶ ಕೈಕೊಟ್ಟಿತ್ತು. ಮೊದಲು ಹಾರುಕೋ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ನಾಳೆ ಇನ್ನೊಂದು ಸಲ ಮಾಡಬಹುದೇ ಎಂದು ನಂದಿತಾ ಆಸೆಯಿಂದ ಕೇಳಿದಳು. ಅತ್ತೆ ಚಂದ್ರಿಕೆಗಳ ಕಡೆ ಕೈ ತೋರಿಸಿ, “ಉಳಗಳ್ನೇ ಕೇಳು. ಒಪ್ಪಿದ್ರೆ ಇಳ್ದು ಬತ್ತವೆ” ಎಂದರು. ಮರುದಿನ ತಡವಾಗಿ ಹಣ್ಣಾದ ಒಂದಷ್ಟು ಹುಳುಗಳಿದ್ದವು, ಪುಣ್ಯ. ಅವುಗಳ ಮೇಲೆಯೇ ಜಾಣತನದಿಂದ ಕ್ಯಾಮೆರಾ ಓಡಾಡಿಸಿ ದೊಡ್ಡ ಬೆಳೆಯಂತೆ ತೋರಿಸಿದರು.

ಸಿನಿಮಾ ಸಿದ್ಧವಾದ ಮೇಲೆ ನಂದಿತಾ ಅದನ್ನು ನಮ್ಮೂರಿನ ಸಮುದಾಯ ಭವನಕ್ಕೆ ತಂದು ತೋರಿಸಿದಳು. ನಾನು ಸಹೋದ್ಯೋಗಿಗಳನ್ನೆಲ್ಲ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಪರದೆಯ ಮೇಲೆ ಅತ್ತೆ ಬಂದಾಗ ಸಿಳ್ಳೆ, ನನ್ನ ಗಂಡ ಬಂದಾಗ ಚಪ್ಪಾಳೆ, ನಮ್ಮ ಎಮ್ಮೆಗೂ ಒಂದು ಪಾಲು. ನಾನು ಸೀರೆಯ ನಿರಿಗೆ ಸರಿಮಾಡಿಕೊಂಡು ಕಾದೆ. ಒಂಟೆ ಬರಲಿಲ್ಲ, ಚೀನಾ ಬರಲಿಲ್ಲ. ಒಂದು ಕಡೆ ಪರದೆಯ ಆಚೆಯಿಂದ ನನ್ನ ದನಿ ಮಾತ್ರ ಕೇಳಿಸಿತು: “ಊಟ ಆರೋಗ್ತದೆ, ಬರ್ತೀರೋ ಇಲ್ವೋ?” ಅದಕ್ಕೆ ಕೆಳಗೆ ಇಂಗ್ಲಿಷಿನಲ್ಲಿ ಅರ್ಥವನ್ನೂ ಬರೆದಿದ್ದರು. ಪಕ್ಕದಲ್ಲಿದ್ದ ನಮ್ಮ ಗಣಿತದ ಮೇಡಂ, “ನಿಮ್ಮ ವಾಯ್ಸ್ ಚೆನ್ನಾಗಿದೆ” ಎಂದರು.

ಮುಗಿದ ಮೇಲೆ ನಂದಿತಾಳನ್ನು ಮೂಲೆಗೆ ಕರೆದೆ. ಅವಳು ತಪ್ಪಿತಸ್ಥಳಂತೆ ಕೈ ಹಿಡಿದು ವಿವರಿಸಿದಳು. ಸಹನಿರ್ಮಾಣವೆಂದರೆ ಒಂದೇ ಸಿನಿಮಾ ಅಲ್ಲವಂತೆ. ಜಪಾನಿಗೆ ಒಂದು, ಅದರಲ್ಲಿ ಹುಳುಗಳೇ ಹೆಚ್ಚು. ಕೊರಿಯಾಕ್ಕೆ ಒಂದು, ನಮಗೊಂದು. ಫಿನ್ಲೆಂಡಿನವರಿಗೆ ಮಾತ್ರ ಎಲ್ಲವೂ ಇರುವ ಬಹಳ ಉದ್ದದ್ದು ಕೊಟ್ಟಿದ್ದಾರೆ. “ನೀವು ಆ ಉದ್ದದ್ದರಲ್ಲಿ ಇದೀರಿ ಮೇಡಂ. ಪೂರ್ತಿ ಇದೀರಿ.”

ಆಗಿನಿಂದ ಯಾರಾದರೂ ಕೇಳಿದರೆ, ನಾನಿರುವುದು ಉದ್ದನೆಯ ಆವೃತ್ತಿಯಲ್ಲಿ ಎಂದೇ ಗಂಭೀರವಾಗಿ ಹೇಳುತ್ತೇನೆ. ಕನಕಪುರದಲ್ಲಿ ಅದನ್ನು ನೋಡಿದವರು ಯಾರೂ ಇಲ್ಲದಿರುವುದು ಕನಕಪುರದ ದುರದೃಷ್ಟ. ಫಿನ್ಲೆಂಡಿನಲ್ಲಿ ಚಳಿಗಾಲ ಬಂತೆಂದರೆ ಸೂರ್ಯ ಮುಖ ತೋರಿಸದ ಊರುಗಳಿವೆಯಂತೆ. ಆಚೆಯೆಲ್ಲ ಮೊಣಕಾಲುದ್ದ ಹಿಮ, ಜನ ಮನೆಯೊಳಗೇ ಟೀವಿಯ ಮುಂದೆ ಕೂತಿರುತ್ತಾರಂತೆ. ಅಂಥವರ ಮುಂದೆ ನಾನು ಚೀನಾದಿಂದ ಹೊರಟು ನಿಧಾನವಾಗಿ ರೋಮಿನವರೆಗೂ ಹೋಗುತ್ತಿರುತ್ತೇನೆ. ಇಷ್ಟು ವರ್ಷ ಕಿಟಕಿಗಳಿರುವ ತರಗತಿಯಲ್ಲಿ ಪಾಠ ಮಾಡಿದ ನನಗೆ, ಎದ್ದು ಹೋಗಲು ದಾರಿಯೇ ಇಲ್ಲದ ಅಷ್ಟು ಒಳ್ಳೆಯ ಕೇಳುಗರು ಇನ್ನೆಲ್ಲಿ ಸಿಗಬೇಕು?