ಎರಡು ಬೆರಳು ಎಣ್ಣೆ

ಆಗ ನನಗೆ ಅರವತ್ತಾರು ವರ್ಷ. ಇದು ನಡೆದು ಮೂರು ವರ್ಷವಾಯಿತು. ಆ ವಯಸ್ಸಿಗೆ ನನಗೆ ಬಾರದ ಕೆಲಸ ಯಾವುದೂ ಇಲ್ಲ ಎಂದು ನಾನು ನಂಬಿದ್ದೆ. ಬೇರೆ ಯಾರೂ ನಂಬಿರಲಿಲ್ಲ, ಅದು ಬೇರೆ ಮಾತು.

ಹಲಸೂರಿನಲ್ಲಿ ನಮ್ಮ ಮನೆ. ಬಾಗಿಲ ಮುಂದೆ ಯಜಮಾನರ ಹಳೇ ಮೋಟಾರ್‌ಸೈಕಲ್. ಭಾನುವಾರ ಬೆಳಿಗ್ಗೆ ಅದರ ಹಿಂದಿನ ಸೀಟಿನಲ್ಲಿ ಕೂತು, ಅವರ ಬೆನ್ನಿಗೆ ತಲೆ ಆನಿಸಿ, ಒಂದು ಸುತ್ತು ಹೋಗಿಬರುವುದೇ ನನ್ನ ಐಷಾರಾಮ. ಪ್ರೀತಿಗೀತಿ ಏನಿಲ್ಲ. ನಿದ್ದೆ ಚೆನ್ನಾಗಿ ಬರುತ್ತದೆ! ಕಣ್ಣು ಅರ್ಧ ಮುಚ್ಚಿದರೆ ಸಾಕು, ಕೆರೆ ಮೇಲಿನ ಗಾಳಿ, ಮರದ ನೆರಳು, ಸಿಗ್ನಲ್ಲಿನ ಕೆಂಪು ಎಲ್ಲವೂ ಒಂದರೊಳಗೊಂದು ಕರಗುತ್ತವೆ. ರಸ್ತೆ ನೀರಾಗುತ್ತದೆ. ನಾನು ದೋಣಿಯಲ್ಲಿ ತೇಲುತ್ತಿರುತ್ತೇನೆ. ನಿಜವಾದ ದೋಣಿಯನ್ನು ನಾನು ಈವರೆಗೂ ಹತ್ತಿಲ್ಲ.

ನನ್ನ ಮಗ ನಾಗರಾಜನ ಕಣ್ಣಿಗೆ ಈ ಸುಖ ಬಿತ್ತು.

"ಅಪ್ಪಂಗೆ ಎಪ್ಪತ್ತಾಯ್ತು. ಗಾಡಿಗೂ ವಯಸ್ಸಾಯ್ತು. ಸಾಕಮ್ಮ, ಗುಜರಿಗೆ ಹಾಕ್ಬಿಡೋಣ" ಎಂದ.

ಯಜಮಾನರು ಊಟ ಬಿಟ್ಟರು. ರಾತ್ರಿ ಹಸಿವಾಗಿ ಊಟ ಮಾಡಿದರು, ಮಾತು ಬಿಟ್ಟರು. ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ನಾವಿಬ್ಬರೂ ಕೆ.ಆರ್. ಪುರದ ನನ್ನ ತಂಗಿಯ ಮನೆಗೆ ಹೋಗಬೇಕು. ನಾಗರಾಜ ತನ್ನ ಸ್ಕೂಟರಿನಲ್ಲಿ ಹಿಂದೆ ಬರುತ್ತಾನೆ. ಗಾಡಿ ತಕರಾರಿಲ್ಲದೆ ಹೋಗಿಬಂದರೆ ಉಳಿಯುತ್ತದೆ. ಇಲ್ಲದಿದ್ದರೆ ಗುಜರಿ. ಗುಜರಿ ಎಂದರೆ ನನ್ನ ದೋಣಿಯೂ ಹೋಯಿತು ಎಂದರ್ಥ!

ಶನಿವಾರ ಮಧ್ಯಾಹ್ನ ಯಜಮಾನರು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಅವರ ಮಂಡಿ ಪೂರ್ತಿ ಬಗ್ಗುವುದಿಲ್ಲ. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು.

"ಲೇ, ಇಂಜಿನ್ ಎಣ್ಣೆ ನೀನೇ ಬಗ್ಗಿ ನೋಡ್ಬೇಕು. ಹೆಂಗೆ ನೋಡೋದು ಹೇಳ್ತೀನಿ, ಕೇಳಿಸ್ಕೋ."

ಹೇಳಿದರು. ಬಹಳ ವಿವರವಾಗಿ ಹೇಳಿದರು. ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಬಿಸಿಲು ಹದವಾಗಿತ್ತು. ಒಂದೊಂದು ಕಾಯಿ ಬಿಡಿಸಿದಾಗಲೂ ಸಿಪ್ಪೆಯ ಸೊಗಡು ಮೇಲೆದ್ದು ಕಣ್ಣು ಭಾರವಾಗುತ್ತಿತ್ತು. ಅವರ ಮಾತು ಎಲ್ಲೋ ದೂರದ ಮನೆಯ ರೇಡಿಯೋ ಹಾಗೆ ಕೇಳಿಸುತ್ತಿತ್ತು. ಬಲಗಡೆ ಕೆಳಗೆ ಒಂದು ಗುಂಡು ಗಾಜು, ಗಾಜಿನ ಪಕ್ಕ ಎರಡು ಗೆರೆ, ಎಣ್ಣೆ ಅಲ್ಲಿರಬೇಕು. ನನಗೆ ದಕ್ಕಿದ್ದು ಇಷ್ಟು.

"ಅರ್ಥ ಆಯ್ತಾ?"

"ಆಯ್ತು ಹೋಗ್ರೀ. ದೊಡ್ಡ ವಿದ್ಯೆ!"

ಸಂಜೆ ಅವರು ಸ್ನಾನಕ್ಕೆ ಹೋದಾಗ ನಾನು ಗಾಡಿಯ ಬಲಗಡೆ ಕೂತು ಗಾಜನ್ನು ನೋಡಿದೆ. ಎಣ್ಣೆಯೇ ಇಲ್ಲ! ಒಂದು ಹನಿಯೂ ಕಾಣಲಿಲ್ಲ. ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ, ಎಡಕ್ಕೆ ವಾಲಿಕೊಂಡು, ಏನೂ ಗೊತ್ತಿಲ್ಲದ ಹಾಗೆ ನಿಂತಿತ್ತು.

ನನಗೆ ಯಜಮಾನರ ಮೇಲೆ ಮರುಕ ಹುಟ್ಟಿತು. ಪಾಪ, ಇಷ್ಟು ದಿನ ಒಣಗಿದ ಇಂಜಿನ್ ಓಡಿಸಿದ್ದಾರೆ!

ಮನೆಯಲ್ಲಿ ಎಣ್ಣೆ ಡಬ್ಬವಿತ್ತು. ಮೆಕ್ಯಾನಿಕ್ ಎಲ್ಲಿ ಸುರಿಯುತ್ತಾನೆಂದು ನೋಡಿದ್ದೆ. ಮುಚ್ಚಳ ತಿರುಗಿಸಿ, ಅಡುಗೆಮನೆಯ ಲಾಳಿಕೆ ಇಟ್ಟು ಸುರಿದೆ. ಇಳಿಬಿಸಿಲಲ್ಲಿ ಎಣ್ಣೆ ಜೇನಿನ ಹಾಗೆ, ಸದ್ದಿಲ್ಲದೆ, ಒಂದೇ ದಾರವಾಗಿ ಇಳಿಯಿತು. ನೋಡುತ್ತಾ ನೋಡುತ್ತಾ ನನಗೆ ಮಂಪರು ಹತ್ತಿತು. ಎಚ್ಚರವಾದಾಗ ಗಾಜಿನಲ್ಲಿ ಎಣ್ಣೆ ಗೆರೆ ಮುಟ್ಟಿತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನು ನಲವತ್ತು ವರ್ಷ ಮಾವಿನಕಾಯಿ ಉಪ್ಪಿನಕಾಯಿ ಹಾಕಿದವಳು. ಎಣ್ಣೆ ಹೋಳಿನ ಮಟ್ಟಕ್ಕೆ ನಿಂತರೆ ಸಾಲದು, ಎರಡು ಬೆರಳು ಮೇಲೆ ನಿಲ್ಲಬೇಕು. ಇಲ್ಲದಿದ್ದರೆ ಬೂಷ್ಟು! ಇಂಜಿನ್ನಿಗೆ ಬೂಷ್ಟು ಬಂದರೆ ಯಾರು ಜವಾಬ್ದಾರಿ? ಎರಡು ಬೆರಳು ಅಳತೆ ಹಿಡಿದು ಸುರಿದೆ. ಡಬ್ಬ ಖಾಲಿಯಾಯಿತು. ಮನಸ್ಸು ತುಂಬಿತು.

ಭಾನುವಾರ ಬೆಳಿಗ್ಗೆ ಯಜಮಾನರು ಕೇಳಿದರು. "ಎಣ್ಣೆ ನೋಡ್ದಾ?"

"ನೋಡ್ದೆ. ಏನೂ ಕಮ್ಮಿ ಇಲ್ಲ."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಹೊರಟೆವು. ಇಂದಿರಾನಗರದ ತಿರುವು ದಾಟುವಷ್ಟರಲ್ಲಿ ನಾನು ದೋಣಿಯಲ್ಲಿದ್ದೆ. ಹಳೇ ಮದರಾಸು ರಸ್ತೆಯಲ್ಲಿ ಸುತ್ತ ಬೆಳ್ಳಗೆ ಮಂಜು ಏಳತೊಡಗಿತು. ಎಂಥಾ ಮಂಜು! ಬಸ್ಸುಗಳು ಅದರಲ್ಲಿ ಆನೆಗಳಂತೆ ಮೆಲ್ಲಗೆ ಮೂಡಿ ಮೆಲ್ಲಗೆ ಮುಳುಗುತ್ತಿದ್ದವು. ಮೆಟ್ರೋ ಕಂಬಗಳ ಕಾಲು ಮಾಯವಾಗಿ, ಮೇಲಿನ ಹಳಿ ಆಕಾಶದಲ್ಲಿ ತೇಲುತ್ತಿತ್ತು. ಹಿಂದಿನಿಂದ ಹಾರನ್ನುಗಳು ಮದುವೆ ವಾಲಗದ ಹಾಗೆ ಮೊಳಗುತ್ತಿದ್ದವು. ಇದು ಸ್ವರ್ಗಕ್ಕೆ ಹೋಗುವ ದಾರಿಯೇ ಇರಬೇಕು ಎನಿಸಿತು. ಹೆದರಿಕೆಯಾಗಲಿಲ್ಲ. ಅಲ್ಲಿ ನಮ್ಮ ಅತ್ತೆ ಇರುತ್ತಾರಲ್ಲ ಎಂದು ಮಾತ್ರ ಸ್ವಲ್ಪ ಬೇಜಾರಾಯಿತು.

"ಅಮ್ಮಾ! ಅಮ್ಮಾ! ನಿಲ್ಸಕ್ಕೆ ಹೇಳಮ್ಮ!"

ಮಂಜಿನೊಳಗಿನಿಂದ ಯಾರೋ ಕೆಮ್ಮುತ್ತಾ ಕೂಗಿದರು. ದೇವದೂತ ಕೆಮ್ಮುವುದಿಲ್ಲ. ನಾಗರಾಜ!

ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಹತ್ತಿರ ಗಾಡಿ ನಿಂತಿತು. ಸೈಲೆನ್ಸರ್ ಇನ್ನೂ ಹೊಗೆ ಕಾರುತ್ತಿತ್ತು. ನನ್ನ ಸೀರೆ ಅಂಚಿಗೆಲ್ಲಾ ಎಣ್ಣೆ. ಒಬ್ಬ ಆಟೋದವನು ತಲೆ ಹೊರಗೆ ಹಾಕಿ, "ಏನ್ ಅಜ್ಜಿ, ಸೊಳ್ಳೆ ಹೊಡೆಯೋ ಗಾಡೀನಾ?" ಎಂದು ಕೇಳಿ ಹೋದ.

ನಾಗರಾಜ ಕಣ್ಣೊರೆಸಿಕೊಂಡ. "ಇಂಜಿನ್ ಸತ್ತೋಯ್ತಪ್ಪ. ಮಾತು ಮಾತೇ. ನಾಳೆ ಗುಜರಿ."

ಯಜಮಾನರು ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತರು. "ನೆನ್ನೆವರ್ಗೂ ಚೆನ್ನಾಗಿತ್ತಲ್ಲೋ" ಎಂದು ಗಾಡಿಗೇ ಹೇಳಿದರು.

ನಾನು ಯೋಚಿಸಿದೆ. ಬಾಯಿ ಬಿಟ್ಟರೆ ನನ್ನ ಮರ್ಯಾದೆ ಹೋಗುತ್ತದೆ. ಬಿಡದಿದ್ದರೆ ಗಾಡಿ ಹೋಗುತ್ತದೆ. ಎರಡರಲ್ಲಿ ಗಾಡಿಯ ಕಂಡೀಷನ್ನೇ ವಾಸಿಯಿತ್ತು.

"ಇಂಜಿನ್ ಸತ್ತಿಲ್ಲ ಕಣೋ. ಎಣ್ಣೆ ಇರ್ಲಿಲ್ಲ ಅಂತ ನಾನೇ ಹಾಕ್ದೆ."

"ಎಷ್ಟ್ ಹಾಕ್ದೆ?"

"ಗೆರೆ ಮೇಲೆ ಎರಡು ಬೆರಳು. ಬೂಷ್ಟು ಬರಬಾರ್ದು ಅಂತ."

ನಾಗರಾಜ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಎಳೆದು ನೆಟ್ಟಗೆ ನಿಲ್ಲಿಸಿ, ಕುಕ್ಕರಗಾಲಲ್ಲಿ ಕೂತು ನೋಡಿದ. ಗಾಜಿನ ತುಂಬಾ ಎಣ್ಣೆ. ಪಕ್ಕದ ಗೆರೆಗಳು ಎಲ್ಲೋ ಕೆಳಗೇ ಉಳಿದಿದ್ದವು.

ಯಜಮಾನರು ನನ್ನ ಕಡೆ ತಿರುಗಿದರು. "ಗಾಡಿ ನೆಟ್ಟಗೆ ನಿಲ್ಸಿ ನೋಡು ಅಂದಿರ್ಲಿಲ್ವೇನೇ? ವಾಲಿಸಿದ್ರೆ ಎಣ್ಣೆ ಎಲ್ಲಾ ಆ ಕಡೆಗೆ ಹೋಗುತ್ತೆ. ಎರಡು ನಿಮಿಷ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಎಣ್ಣೆ ಕೆಳಗಿಳಿದ್ಮೇಲೆ ನೋಡು ಅಂದಿರ್ಲಿಲ್ವಾ? ಎರಡು ಗೆರೆ *ಮಧ್ಯ* ಅಂದಿರ್ಲಿಲ್ವಾ?"

"ಅಂದಿರ್ತೀರಾ. ನಾನು ಇರ್ಲಿಲ್ಲ."

"ಎದುರಿಗೇ ಕೂತಿದ್ದೆ!"

"ಕೂತಿದ್ದೆ. ಇರ್ಲಿಲ್ಲ."

ಪಕ್ಕದ ಪಂಕ್ಚರ್ ಅಂಗಡಿಯವರು ಅಡಿಯ ಬೋಲ್ಟ್ ಸಡಿಲಿಸಿ, ಹೆಚ್ಚಿನ ಎಣ್ಣೆಯನ್ನೆಲ್ಲಾ ಒಂದು ಕ್ಯಾನಿಗೆ ಇಳಿಸಿದರು. ಗಾಡಿ ಸ್ವಲ್ಪ ಹೊತ್ತು ಕೆಮ್ಮಿತು, ಆಮೇಲೆ ಸರಿಹೋಯಿತು. ತಂಗಿಯ ಮನೆಗೆ ಹೋಗಿ, ಉಂಡು, ಹೊಗೆಯಿಲ್ಲದೆ ಮನೆಗೆ ಬಂದೆವು. ನಾನು ನಿದ್ದೆ ಮಾಡಲಿಲ್ಲ. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ, ಅಷ್ಟೆ.

ನಾಗರಾಜ ತೀರ್ಪು ಕೊಟ್ಟ. "ಗಾಡಿ ಇರ್ಲಿ. ಅಪ್ಪ ಓಡಿಸ್ಲಿ. ನೀನು ಬರೀ ಕೂತ್ಕೋ. ಏನೂ ಮುಟ್ಬೇಡ."

ಎದುರುಮನೆ ಸೆಲ್ವಿ ಇದೆಲ್ಲಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನಾನಿಲ್ಲದೆ ಅವಳಿಗೆ ದಿನ ಹೋಗುವುದಿಲ್ಲ. ಮಾರನೇ ದಿನ ಬೆಳಿಗ್ಗೆಯೇ ಕರೆದಳು.

"ಅಕ್ಕಾ, ಹೊಸ ಸ್ಕೂಟ್ರು ತಂದಿದೀವಿ. ಎಣ್ಣೆ ಸರಿಯಾಗಿದ್ಯಾ ಅಂತ ನೀವೇ ಸ್ವಲ್ಪ ನೋಡಿ ಹೇಳ್ಬೇಕು."

ಅವಮಾನ ನುಂಗಿ ಬಂದ ವಿದ್ಯೆ, ವ್ಯರ್ಥವಾಗಬಾರದು! ಸೀರೆ ಎತ್ತಿ ಕಟ್ಟಿ ಹೋದೆ. ಸ್ಕೂಟರನ್ನು ನೆಟ್ಟಗೆ ನಿಲ್ಲಿಸಿದೆ. ಎರಡು ನಿಮಿಷ ಸ್ಟಾರ್ಟ್ ಮಾಡಿಸಿದೆ. ಸದ್ದೇ ಬರಲಿಲ್ಲ, ಹೊಸದಲ್ಲವೇ ಎಂದುಕೊಂಡೆ. ಆಫ್ ಮಾಡಿಸಿದೆ. ಎಣ್ಣೆ ಇಳಿಯಲಿ ಎಂದು ಬೀದಿಯವರನ್ನೆಲ್ಲಾ ಸುಮ್ಮನೆ ನಿಲ್ಲಿಸಿ ಕಾದೆ. ಆಮೇಲೆ ನೆಲಕ್ಕೆ ಕೂತು ಬಲಗಡೆ, ಎಡಗಡೆ, ಹೊಟ್ಟೆಯ ಕೆಳಗೆ, ಎಲ್ಲಾ ಕಡೆ ಗಾಜು ಹುಡುಕಿದೆ.

ಅದು ಕರೆಂಟಿನ ಸ್ಕೂಟರಂತೆ!